ಈ ಕಾರಿಗೆ ನೀರು ಬೇಡ

"ಅಣ್ಣಾ, ಇದಕ್ಕೆ ರೇಡಿಯೇಟರ್ರೇ ಇಲ್ವಾ?"

ಕಳೆದ ಶನಿವಾರ ನಮ್ಮ ಗ್ಯಾರೇಜಿಗೆ ಬಂದಿದ್ದ ದಾವಣಗೆರೆಯ ಹುಡುಗ ಕೇಳಿದ ಮೊದಲ ಪ್ರಶ್ನೆ ಇದು. ಇಲ್ಲೇ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ ಅವನದು. ಹಳೇ ಎಂಜಿನ್ ನೋಡಬೇಕು ಅಂತ ಬೆಳಿಗ್ಗೆ ಏಳೂವರೆಗೇ ಬಂದಿದ್ದ. ಗ್ಯಾರೇಜಿನಲ್ಲಿ 1982ರ ಪೋರ್ಷೆ 911 ಎಸ್‌ಸಿ ನಿಂತಿತ್ತು. ಹಿಂದಿನ ಮುಚ್ಚಳ ಎತ್ತಿ ತೋರಿಸಿದೆ. ಅವನು ಬಗ್ಗಿ ಕೂಲೆಂಟ್ ಡಬ್ಬ ಹುಡುಕಿದ, ರಬ್ಬರ್ ಹೋಸು ಹುಡುಕಿದ. ಕಂಡಿದ್ದು ಎದುರಿಗೇ ನಿಂತ 11 ಎಸಳಿನ ಒಂದು ದೊಡ್ಡ ಫ್ಯಾನ್, ಅದನ್ನು ತಿರುಗಿಸುವ ಒಂದು ಬೆಲ್ಟ್.

"ನಿಮ್ಮಪ್ಪ ಯಾವ ಗಾಡಿ ಓಡಿಸ್ತಿದ್ರು?" ಅಂತ ಕೇಳಿದೆ.

"ಯೆಜ್ಡಿ."

"ಅದಕ್ಕೆ ರೇಡಿಯೇಟರ್ ಇತ್ತಾ?"

ನಕ್ಕ. ಮುಂದೆ ವಿವರಿಸುವುದು ಸುಲಭವಾಯಿತು. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಿಂದ ಬಂದ ಆ ಬೈಕುಗಳ ಬೋರ್ ಸುತ್ತ ಪದರ ಪದರವಾಗಿ ಫಿನ್‌ಗಳಿರುತ್ತವಲ್ಲ, ಅದೇ ಲೆಕ್ಕ ಇಲ್ಲೂ. ಬಿಸಿಯಾದ ಲೋಹವನ್ನು ತೆಳು ಹಾಳೆಗಳಂತೆ ಹರಡಿಟ್ಟರೆ ಗಾಳಿಗೆ ಜಾಸ್ತಿ ಜಾಗ ಸಿಗುತ್ತದೆ, ಶಾಖ ಬೇಗ ಹೋಗುತ್ತದೆ. ಬೈಕಿನಲ್ಲಾದರೆ ಎದುರುಗಾಳಿ ಸಾಕು. ಕಾರಿನ ಹಿಂಭಾಗದಲ್ಲಿ, ತಗಡಿನ ಒಳಗೆ ಮಲಗಿರುವ ಎಂಜಿನ್ನಿಗೆ ಗಾಳಿ ತಾನಾಗಿ ಬರುವುದಿಲ್ಲ. ಅದಕ್ಕೇ ಫ್ಯಾನ್. ಮೂರು ಸಿಲಿಂಡರ್ ಎಡಕ್ಕೆ, ಮೂರು ಬಲಕ್ಕೆ. ಮೇಲಿನಿಂದ ನುಗ್ಗಿದ ಗಾಳಿ ಫೈಬರ್ ಕವಚದೊಳಗೆ ಎರಡೂ ಕಡೆ ಹಂಚಿಹೋಗಿ, ಫಿನ್‌ಗಳ ಸಂದಿಯಲ್ಲಿ ಹಾದು ಕೆಳಗೆ ಹೊರಬೀಳುತ್ತದೆ.

ಗಾಳಿಯೊಂದೇ ಅಲ್ಲ, ಆಯಿಲ್ ಕೂಡ ಅಷ್ಟೇ ಮುಖ್ಯ. ಸಾಮಾನ್ಯ ಕಾರಿಗೆ ನಾಲ್ಕೈದು ಲೀಟರ್ ಆಯಿಲ್ ಸಾಕು. ಹಳೇ 911ಕ್ಕೆ ಮಾಡೆಲ್ ನೋಡಿಕೊಂಡು 9ರಿಂದ 13 ಲೀಟರ್ ಬೇಕು. ಆ ಆಯಿಲ್ ಎಂಜಿನ್ನಿನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಿಂದಿನ ಬಲ ಚಕ್ರದ ಹತ್ತಿರ ಅದಕ್ಕೆ ಬೇರೆ ಟ್ಯಾಂಕ್ ಇದೆ. ಈ ಎಸ್‌ಸಿಯಲ್ಲಿ ಬಿಸಿ ಜಾಸ್ತಿಯಾದರೆ ಥರ್ಮೋಸ್ಟ್ಯಾಟ್ ತೆರೆದುಕೊಂಡು, ಆಯಿಲ್ ಉದ್ದನೆಯ ಪೈಪಿನಲ್ಲಿ ಕಾರಿನ ಮುಂದಿನ ಬಲ ಮಡ್‌ಗಾರ್ಡ್‌ವರೆಗೆ ಹೋಗಿ, ತಣ್ಣಗಾಗಿ ವಾಪಸ್ ಬರುತ್ತದೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದರಿಂದ ಕೆಟ್ಟ ಕಾರುಗಳನ್ನು ನಾನು ಕಂಡಿದ್ದೇನೆ. ಈ ಕಾರಿನ ಆಯಿಲ್ ಮಟ್ಟ ನೋಡಬೇಕಾದದ್ದು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಸಮನೆಲದಲ್ಲಿ, ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗ. ಬೇರೆ ಕಾರುಗಳಿಗೆ ಪೂರ್ತಿ ಉಲ್ಟಾ. ಎರಡು ವರ್ಷದ ಹಿಂದೆ ಒಬ್ಬರು ಕಾರು ತಂದರು, ಹಿಂದೆ ನೀಲಿ ಹೊಗೆ, ಏರ್ ಫಿಲ್ಟರ್ ತುಂಬ ಆಯಿಲ್. ಯಾವುದೋ ಸರ್ವೀಸ್ ಸ್ಟೇಷನ್ನಿನಲ್ಲಿ ತಣ್ಣಗಿದ್ದ ಎಂಜಿನ್ನಿಗೆ ಡಿಪ್‌ಸ್ಟಿಕ್ ಹಾಕಿ, ಕಡ್ಡಿ ಒಣಗಿದೆ ಅಂತ ಮೂರು ಲೀಟರ್ ಸುರಿದಿದ್ದರು. ಎಂಜಿನ್ನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಜಾಸ್ತಿ ಇದ್ದದ್ದನ್ನು ಇಳಿಸಿ, ಫಿಲ್ಟರ್ ಬದಲಿಸಿ ಕಳಿಸಿದೆ.

ಮೂವತ್ತು, ನಲವತ್ತು, ಅರವತ್ತು ವರ್ಷದ ಈ ಕಾರುಗಳ ಮೇಲೆ ಜನರಿಗೆ ಇಷ್ಟು ಪ್ರೀತಿ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ವೇಗಕ್ಕೆ ಅಂತೂ ಅಲ್ಲ. ಈ ಎಸ್‌ಸಿಯ 3 ಲೀಟರ್ ಎಂಜಿನ್ 204 ಅಶ್ವಶಕ್ತಿ ಕೊಡುತ್ತದೆ. ಇವತ್ತು ಮಕ್ಕಳನ್ನು ಸ್ಕೂಲಿಗೆ ಬಿಡುವ ಎಷ್ಟೋ ಕಾರುಗಳಿಗೆ ಅಷ್ಟು ಶಕ್ತಿ ಇದೆ. ಹಳೇ ದಿನಗಳ ನೆನಪು ಅನ್ನೋಣ ಅಂದರೆ, ಈ ಕಾರು ಬಂದಾಗ ಹುಟ್ಟೇ ಇರದಿದ್ದವರು ಇವತ್ತು ಇದರ ಕೀಲಿಗಾಗಿ ವರ್ಷಗಟ್ಟಲೆ ದುಡ್ಡು ಕೂಡಿಡುತ್ತಿದ್ದಾರೆ. ಇಪ್ಪತ್ತೆರಡು ವರ್ಷ ಇವನ್ನು ಬಿಚ್ಚಿ ಜೋಡಿಸಿದ ಮೇಲೆ ನನಗನ್ನಿಸಿದ್ದು ಹೇಳುತ್ತೇನೆ. ಈ ಎಂಜಿನ್ ತನ್ನೊಳಗೆ ಏನಾಗುತ್ತಿದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಕಿವಿಗೆ, ಮೂಗಿಗೆ, ಕೈಗೆ ಹೇಳುತ್ತದೆ. ಹೇಳಿದ್ದನ್ನು ಕೇಳಿಸಿಕೊಂಡರೆ ಒಬ್ಬ ಮನುಷ್ಯ, ಒಂದು ಟೇಬಲ್ ಮೇಲೆ, ಅದನ್ನು ಪೂರ್ತಿ ಸರಿಮಾಡಬಹುದು.

ಶಬ್ದವನ್ನೇ ತಗೊಳ್ಳಿ. ನೀರಿನಿಂದ ತಣ್ಣಗಾಗುವ ಎಂಜಿನ್ನಿನಲ್ಲಿ ಸಿಲಿಂಡರ್ ಸುತ್ತ ನೀರಿನ ಗೋಡೆ ಇರುತ್ತದೆ. ಆ ನೀರು ಶಾಖದ ಜೊತೆ ಸದ್ದನ್ನೂ ನುಂಗುತ್ತದೆ. ಇಲ್ಲಿ ಆ ಗೋಡೆ ಇಲ್ಲ. ಫ್ಯಾನಿನ ಸುಂಯ್ ಅನ್ನುವ ಸದ್ದು, ಟೈಮಿಂಗ್ ಚೈನ್ ಹಲ್ಲಿನ ಮೇಲೆ ಉರುಳುವ ಗರಗರ, ಟ್ಯಾಪೆಟ್‌ಗಳ ಟಕಟಕ, ಎಲ್ಲವೂ ಬೇರೆ ಬೇರೆಯಾಗಿ ಕೇಳುತ್ತದೆ. ವಾಸನೆಯೂ ಹಾಗೆಯೇ. ಕಾರಿನೊಳಗಿನ ಹೀಟರಿಗೆ ಬರುವುದು ಸೈಲೆನ್ಸರ್ ಪೈಪಿನ ಸುತ್ತ ಹಾದುಬಂದ ಗಾಳಿ. ಎಲ್ಲೋ ಆಯಿಲ್ ಜಿನುಗಿ ಬಿಸಿ ಪೈಪಿನ ಮೇಲೆ ಬಿದ್ದರೆ ಡ್ರೈವರಿನ ಮೂಗಿಗೆ ಮೊದಲು ಗೊತ್ತಾಗುತ್ತದೆ. ಆ ಹೀಟರ್ ಪೆಟ್ಟಿಗೆ ತುಕ್ಕು ಹಿಡಿದು ತೂತಾದರೆ ವಿಷದ ಹೊಗೆಯೇ ಒಳಗೆ ಬರಬಹುದು. ಅದನ್ನು ಮಾತ್ರ ವಾಸನೆಗೆ ಬಿಡಬಾರದು, ಪ್ರತಿ ಸರ್ವೀಸಿನಲ್ಲೂ ಕಣ್ಣಲ್ಲಿ ನೋಡಲೇಬೇಕು.

ಬೆಲ್ಟಿನ ವಿಷಯವೂ ಇಂಥದ್ದೇ. ಎಸ್‌ಸಿಯಲ್ಲಿ ಫ್ಯಾನ್ ಮತ್ತು ಆಲ್ಟರ್ನೇಟರ್ ಎರಡೂ ಒಂದೇ ಶಾಫ್ಟಿನ ಮೇಲಿವೆ, ಎರಡಕ್ಕೂ ಒಂದೇ ಬೆಲ್ಟ್. ಬ್ಯಾಟರಿಯ ಕೆಂಪು ದೀಪ ಹತ್ತಿದರೆ ಬೇರೆ ಕಾರಿನವರು "ಮನೆ ತಲುಪಿ ನೋಡೋಣ" ಅನ್ನಬಹುದು. ಇಲ್ಲಿ ಆ ದೀಪಕ್ಕೆ ಇನ್ನೊಂದು ಅರ್ಥವೂ ಇದೆ. ಬೆಲ್ಟ್ ಹರಿದಿರಬಹುದು, ಫ್ಯಾನ್ ನಿಂತಿರಬಹುದು. ಆ ಕ್ಷಣವೇ ಗಾಡಿ ಪಕ್ಕಕ್ಕೆ ಹಾಕಬೇಕು. ಇದು ಗೊತ್ತಿದ್ದವರು ಟೂಲ್ ಚೀಲದಲ್ಲಿ ಒಂದು ಬೆಲ್ಟ್ ಇಟ್ಟುಕೊಂಡೇ ಹೊರಡುತ್ತಾರೆ.

ಇನ್ನು ಶನಿವಾರದ ಕೆಲಸಕ್ಕೆ ಬರುತ್ತೇನೆ. ಅವತ್ತು ಟ್ಯಾಪೆಟ್ ಸೆಟ್ಟಿಂಗ್ ಇತ್ತು, ಅಂದರೆ ಸಿಲಿಂಡರಿನ ಬಾಗಿಲುಗಳಂತಿರುವ ವಾಲ್ವ್‌ಗಳಿಗೂ ಅವನ್ನು ಒತ್ತುವ ಟ್ಯಾಪೆಟ್‌ಗಳಿಗೂ ನಡುವಿನ ಸಂದಿ ಸರಿಮಾಡುವ ಕೆಲಸ. ಇದಕ್ಕೆ ಎಂಜಿನ್ ಪೂರ್ತಿ ತಣ್ಣಗಿರಬೇಕು, ಹಾಗಾಗಿ ಶುಕ್ರವಾರ ಸಂಜೆಯೇ ಕಾರನ್ನು ಒಳಗೆ ತಂದಿದ್ದೆ. ಆರು ಸಿಲಿಂಡರ್, 12 ವಾಲ್ವ್. ಪ್ರತಿಯೊಂದಕ್ಕೂ 0.1 ಮಿಲಿಮೀಟರ್ ಸಂದಿ ಬಿಡಬೇಕು. ಪುಲ್ಲಿಯ ಮೇಲಿನ ಗುರುತನ್ನು ಹೊಂದಿಸಿ ಒಂದನೇ ಸಿಲಿಂಡರಿನಿಂದ ಶುರು. ಅಲ್ಲಿಂದ 120 ಡಿಗ್ರಿ ತಿರುಗಿಸಿದರೆ ಆರನೆಯದು. ಆಮೇಲೆ ಎರಡು, ನಾಲ್ಕು, ಮೂರು, ಐದು. ಸಿಲಿಂಡರ್‌ಗಳು ಉರಿಯುವ ಕ್ರಮ ಅದೇ.

ಫೀಲರ್ ಗೇಜನ್ನು ಹುಡುಗನ ಕೈಗೆ ಕೊಟ್ಟೆ. ಕಾಗದದಷ್ಟು ತೆಳ್ಳಗಿನ ಪಟ್ಟಿ. "ಎಳೆದು ನೋಡು." ಎಳೆದ. "ಸಡಿಲ ಇದೆ ಅನ್ಸುತ್ತೆ." ಸ್ಕ್ರೂ ಒಂಚೂರು ತಿರುಗಿಸಿದೆ. "ಈಗ?" "ಈಗ ಬರ್ತಾನೇ ಇಲ್ಲ." ಮತ್ತೆ ಒಂಚೂರು ಹಿಂದಕ್ಕೆ. ಈ ಸಲ ಪಟ್ಟಿ ತಡೆಯುತ್ತ ತಡೆಯುತ್ತ ಬಂತು, ಗಟ್ಟಿ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ. "ಇದೇ ನೋಡು, ಇದನ್ನ ನೆನಪಿಟ್ಕೋ" ಅಂದೆ. ಅವನು ಮೂರು ಸಲ ಎಳೆದು ನೋಡಿದ. ಲಾಕ್‌ನಟ್ ಬಿಗಿ ಮಾಡುವಾಗ ಸ್ಕ್ರೂ ಕೂದಲೆಳೆಯಷ್ಟು ತಿರುಗಿಬಿಡುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೆ ಅಳೆಯಬೇಕು. ಮೇಲಿನ ಆರು ವಾಲ್ವ್ ಮುಗಿಯುವಷ್ಟರಲ್ಲಿ ಅವನ ಬೆರಳಿಗೆ ವಿಷಯ ಹತ್ತಿತ್ತು.

ಆಮೇಲೆ ಲಿಫ್ಟ್ ಎತ್ತಿ ಕೆಳಗಿನ ಎಡ ಕವರ್ ಬಿಚ್ಚಿದೆ. ಕವರ್ ಕೈಗೆ ಬರುತ್ತಿದ್ದ ಹಾಗೆ ಒಳಗೆ ಠಣ್ ಅಂತ ಸದ್ದು. ಒಂದು ನಟ್. ಅದರೊಳಗೆ ಇನ್ನೂ ಸಿಕ್ಕಿಕೊಂಡಿದ್ದ, ಮುರಿದ ಸ್ಟಡ್ಡಿನ ತುಂಡು. ಸ್ಟಡ್ ಅಂದರೆ ಎರಡೂ ತುದಿಗೆ ಥ್ರೆಡ್ ಇರುವ, ತಲೆಯಿಲ್ಲದ ಬೋಲ್ಟು.

ಈ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಬೇರೆ ಬೇರೆ, ಅದರ ಮುಚ್ಚಳವಾದ ಹೆಡ್ ಕೂಡ ಬೇರೆ ಬೇರೆ. ಒಂದೊಂದನ್ನೂ ನಾಲ್ಕು ಉದ್ದನೆಯ ಸ್ಟಡ್‌ಗಳು ಎಂಜಿನ್ನಿನ ನಡುವಿನ ದೊಡ್ಡ ಪೆಟ್ಟಿಗೆಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ, ಒತ್ತಿ ಹಿಡಿಯುತ್ತವೆ. ಒಟ್ಟು 24. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸಿಲಿಂಡರ್ ಬೆಳೆಯುತ್ತದೆ, ಸ್ಟಡ್ ಅಷ್ಟು ಬೆಳೆಯುವುದಿಲ್ಲ. 1974ರಿಂದ 77ರವರೆಗಿನ 2.7 ಲೀಟರ್ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂನದು. ಆ ಮೆದು ಲೋಹದಿಂದ ಸ್ಟಡ್‌ಗಳು ಥ್ರೆಡ್ ಸಮೇತ ಕಿತ್ತು ಬರುತ್ತಿದ್ದವು. ಅದಕ್ಕೆ ಪರಿಹಾರವಾಗಿ ಅಲ್ಯೂಮಿನಿಯಂ ಜೊತೆ ಹೆಚ್ಚು ಕಡಿಮೆ ಒಂದೇ ಸಮ ಹಿಗ್ಗುವ ಡಿಲಾವರ್ ಅನ್ನುವ ಮಿಶ್ರಲೋಹದ ಸ್ಟಡ್ ಬಂತು. ಎಸ್‌ಸಿಯಲ್ಲಿ ಕೆಳಗಿನ ಸಾಲು ಪೂರ್ತಿ ಅದೇ. ಲೆಕ್ಕ ಸರಿಯಾಗೇ ಇತ್ತು. ಆದರೆ ರಸ್ತೆಯ ನೀರು, ಚಳಿಗಾಲದಲ್ಲಿ ಇಲ್ಲಿ ಸುರಿಯುವ ಉಪ್ಪು ತಾಗಿ ಆ ಲೋಹ ಒಳಗೊಳಗೇ ಸವೆದು ಒಂದು ದಿನ ಪಟ್ ಅನ್ನುತ್ತದೆ. ಅದರ ಸಾಕ್ಷಿ ಹುಡುಗನ ಅಂಗೈಯಲ್ಲಿತ್ತು.

"ಈಗ ಎಂಜಿನ್ ಹೋಯ್ತಾ ಅಣ್ಣಾ?"

ಇಲ್ಲ ಕಣಪ್ಪ. ಎಂಜಿನ್ ಕೆಳಗಿಳಿಸಬೇಕು. ಹೆಡ್‌ಗಳು, ಸಿಲಿಂಡರ್‌ಗಳು ಒಂದೊಂದಾಗಿ ಬಿಚ್ಚಬೇಕು. ಹೊಸ ಉಕ್ಕಿನ ಸ್ಟಡ್ ಹಾಕಿ ಮತ್ತೆ ಜೋಡಿಸಬೇಕು. ಕೆಲಸ ದೊಡ್ಡದು, ಖರ್ಚೂ ದೊಡ್ಡದು. ಆದರೆ ಯಾವ ಭಾಗವನ್ನೂ "ಇದು ಬಿಚ್ಚೋಕಾಗಲ್ಲ, ಪೂರ್ತಿ ಸೆಟ್ಟೇ ಬದಲಾಯಿಸಿ" ಅಂತ ಎಸೆಯಬೇಕಾಗಿಲ್ಲ.

ಈ ಕಾರಿನ ಹುಟ್ಟನ್ನೂ ಹೇಳಬೇಕಲ್ಲ. 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಇದು 901 ಅನ್ನುವ ಹೆಸರಲ್ಲಿ ಬಂತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತಮ್ಮದು ಅಂತ ಪಿಜೊ ಕಂಪನಿ ಆಕ್ಷೇಪ ಎತ್ತಿದ್ದರಿಂದ 911 ಆಯಿತು. ಆಗ 2 ಲೀಟರ್, 130 ಅಶ್ವಶಕ್ತಿ. 1969ರ ಮಾಡೆಲ್ಲಿನಿಂದ 911 ಎಸ್ ಮತ್ತು ಇ ಕಾರುಗಳಿಗೆ ಬಾಷ್‌ನ ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್ ಸೇರಿತು. ಮೊದಲ ಸಲ ಆ ಪಂಪ್ ಬಿಚ್ಚಿದಾಗ ನನಗೆ ಮನೆಗೆ ಬಂದ ಹಾಗಾಯಿತು. ನಮ್ಮ ಚಿಕ್ಕಪ್ಪ ಮೈಸೂರಿನಲ್ಲಿ ಲಾರಿಗಳ ಮೈಕೋ ಡೀಸೆಲ್ ಪಂಪ್ ರಿಪೇರಿ ಮಾಡುತ್ತಿದ್ದರು. ಮೈಕೋ ಅಂದರೆ ಬಾಷ್‌ನದೇ ಭಾರತದ ಕಂಪನಿ, ಅವು ತಯಾರಾಗುತ್ತಿದ್ದದ್ದು ಬೆಂಗಳೂರಿನ ಆಡುಗೋಡಿಯಲ್ಲಿ. ಇದೂ ಅದೇ ವಂಶದ್ದು. ಸಿಲಿಂಡರಿಗೊಂದು ಪುಟ್ಟ ಪ್ಲಂಜರ್, ಅದನ್ನು ಮೇಲಕ್ಕೆ ತಳ್ಳಲು ಕೆಳಗೆ ಕ್ಯಾಮ್.

ಎಂಬತ್ತರ ದಶಕದ ಹೊತ್ತಿಗೆ ಕಂಪನಿ ಈ ಕಾರನ್ನು ನಿಲ್ಲಿಸುವ ಯೋಚನೆಯಲ್ಲಿತ್ತು. ಮುಂದೆ ಎಂಜಿನ್ ಇರುವ, ನೀರಿನಿಂದ ತಣ್ಣಗಾಗುವ 928 ಇದರ ಜಾಗಕ್ಕೆ ಬರಬೇಕಿತ್ತು. 1981ರಲ್ಲಿ ಮುಖ್ಯಸ್ಥರಾಗಿ ಬಂದ ಪೀಟರ್ ಶುಟ್ಸ್, ಎಂಜಿನಿಯರ್ ಹೆಲ್ಮುಟ್ ಬೊಟ್ ಅವರ ಕೋಣೆಯ ಗೋಡೆಯಲ್ಲಿದ್ದ ಚಾರ್ಟ್ ನೋಡಿದರಂತೆ. 911ರ ಗೆರೆ ಆ ವರ್ಷಕ್ಕೇ ನಿಂತಿತ್ತು. ಮಾರ್ಕರ್ ತಗೊಂಡು ಆ ಗೆರೆಯನ್ನು ಚಾರ್ಟಿನ ಅಂಚು ದಾಟಿಸಿ ಎಳೆದೆ ಅಂತ ಶುಟ್ಸ್ ಅವರೇ ಹೇಳಿಕೊಂಡಿದ್ದಾರೆ. ನನಗೆ ಇವತ್ತು ಅನ್ನ ಕೊಡುತ್ತಿರುವ ಎಷ್ಟೋ ಕಾರುಗಳು ಆ ಗೆರೆಯ ಆಚೆ ಹುಟ್ಟಿದವು.

ಕೊನೆಗೆ 1998ರಲ್ಲಿ 993 ಮಾಡೆಲ್ಲಿನ ಜೊತೆ ಗಾಳಿಯ ಕಾಲ ಮುಗಿಯಿತು. ಅದನ್ನು ನಾನು ದ್ರೋಹ ಅನ್ನುವುದಿಲ್ಲ. ಹೊಗೆ ಮತ್ತು ಶಬ್ದದ ಕಾನೂನು ಬಿಗಿಯಾಗಿತ್ತು. ಸಿಲಿಂಡರಿಗೆ ನಾಲ್ಕು ವಾಲ್ವ್ ಇಡಬೇಕು ಅಂದರೆ ಹೆಡ್ಡಿನ ನಟ್ಟನಡುವೆ ಹುಟ್ಟುವ ಬಿಸಿಯ ತನಕ ಗಾಳಿಯನ್ನು ತಲುಪಿಸುವುದು ಬಹಳ ಕಷ್ಟ. ಅವರದ್ದೇ 959 ಕಾರಿನಲ್ಲಿ ಎಂಬತ್ತರ ದಶಕದಲ್ಲೇ ಸಿಲಿಂಡರಿಗೆ ಗಾಳಿ, ಹೆಡ್ಡಿಗೆ ನೀರು ಅಂತ ಮಾಡಿದ್ದರು.

ಓಡಿಸುವವರಿಗೂ ಒಂದು ಮಾತು. ಭಾರದ ಹೆಚ್ಚಿನ ಪಾಲು ಹಿಂದಿದೆ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಹೊರಗೆ ಜಾರುತ್ತದೆ. 1969ರ ಮಾಡೆಲ್ಲಿಗೆ ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದ್ದು ಇದನ್ನು ಸ್ವಲ್ಪ ಪಳಗಿಸಲಿಕ್ಕೇ. ತಿರುವಿಗೆ ಮುಂಚೆ ನಿಧಾನ ಮಾಡಿ, ತಿರುವಿನೊಳಗೆ ಕಾಲು ಅಲುಗಿಸದೆ ಹೋದರೆ ಇದರಷ್ಟು ಗಟ್ಟಿಯಾಗಿ ನೆಲ ಹಿಡಿಯುವ ಕಾರು ಕಡಿಮೆ.

ನನಗೆ ನೋವಾಗುವುದು ಒಂದೇ ವಿಷಯಕ್ಕೆ. ಬೆಲೆ ಏರಿದ ಮೇಲೆ ಎಷ್ಟೋ ಕಾರುಗಳು ಬಟ್ಟೆ ಹೊದ್ದು ಮಲಗಿವೆ. ಜರ್ಮನಿಯಲ್ಲಿ 30 ವರ್ಷ ದಾಟಿ ಒಳ್ಳೆ ಸ್ಥಿತಿಯಲ್ಲಿರುವ ಕಾರಿಗೆ ಎಚ್ ನಂಬರ್ ಪ್ಲೇಟ್ ಸಿಗುತ್ತದೆ, ಎಂಜಿನ್ ಎಷ್ಟೇ ದೊಡ್ಡದಿದ್ದರೂ ತೆರಿಗೆ ವರ್ಷಕ್ಕೆ ಸುಮಾರು 191 ಯೂರೋ. ಓಡಿಸಲು ಅಡ್ಡಿಯೇನಿಲ್ಲ. ಆದರೂ ಓಡಿಸುವುದಿಲ್ಲ. ಸೀಲುಗಳು ಒಣಗುತ್ತವೆ, ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ, ಪೆಟ್ರೋಲ್ ಟ್ಯಾಂಕಿನಲ್ಲಿ ಹಳಸುತ್ತದೆ. ಕೊಳ್ಳುವ ಆಸೆ ಇರುವವರಿಗೆ ನಾನು ಹೇಳುವುದು ಇಷ್ಟೇ: ಥಳಥಳ ಪೇಂಟ್ ನೋಡಬೇಡಿ. ಬಾಗಿಲ ಕೆಳಗಿನ ತಗಡು ತಟ್ಟಿ ನೋಡಿ, ಸರ್ವೀಸ್ ಬಿಲ್ಲು ಕೇಳಿ, ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿದೆ ನೋಡಿ. ಸುಮ್ನೆ ನಿಂತ ಕಾರಿಗಿಂತ ದಿನಾ ಓಡಿದ ಕಾರು ವಾಸಿ.

ಮಧ್ಯಾಹ್ನ ಎಸ್‌ಸಿಯ ಮಾಲೀಕರಿಗೆ ಫೋನ್ ಮಾಡಿದೆ. ರಿಟೈರ್ ಆದ ಮೇಷ್ಟ್ರು, 1991ರಿಂದ ಕಾರು ಅವರ ಹತ್ತಿರವೇ ಇದೆ. ಸ್ಟಡ್ ಮುರಿದಿದೆ, ಎಂಜಿನ್ ಇಳಿಸಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ದುಡ್ಡಿನ ಲೆಕ್ಕ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ.

"ಸಿಲಿಂಡರ್ ಬಿಚ್ಚಿದ ದಿನ ಹೇಳ್ತೀರಾ? ಫಿನ್‌ಗಳನ್ನ ನಾನೇ ಬಂದು ತೊಳಿತೀನಿ."

ಬರುವ ಶನಿವಾರ ಅಂತ ಹೇಳಿದ್ದೇನೆ. ಹುಡುಗನಿಗೂ ಒಂದು ಬ್ರಶ್ ತೆಗೆದಿಟ್ಟಿದ್ದೇನೆ.