ಮಳೆ ಪುಸ್ತಕದ ಖಾಲಿ ಸಾಲುಗಳು

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಮಳೆಗೂ ಒಂದು ಲೆಕ್ಕದ ಪುಸ್ತಕ ಇರುತ್ತದೆ. ಅಂಗಳದಲ್ಲಿ ಮಳೆ ಅಳೆಯುವ ಡಬ್ಬ. ಬೆಳಗ್ಗೆ ಅದರ ನೀರನ್ನು ಅಳತೆ ಗ್ಲಾಸಿಗೆ ಸುರಿದು ನೋಡಬೇಕು, ಇಂಚು ಮತ್ತು ಸೆಂಟಿನಲ್ಲಿ ಬರೆಯಬೇಕು. ನೂರು ಸೆಂಟಿಗೆ ಒಂದು ಇಂಚು. ಹೊರಗೆ ಎಲ್ಲರೂ ಮಿಲಿಮೀಟರ್ ಅಂದರೂ ನಮ್ಮಲ್ಲಿ ಫೋನ್ ಮಾಡಿದವರು ಕೇಳುವುದು, "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?" ಅಂತಲೇ.

ಎರಡು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಬೆಳಗ್ಗೆ, ನಾನು ನೀರು ಅಳೆದೆ, ಚೆಲ್ಲಿದೆ, ಒಳಗೆ ಬಂದು ಪೆನ್ನು ಹಿಡಿದೆ. ಅಂಕಿ ಹೋಗಿತ್ತು. ಅಂಗಳದಿಂದ ಮೇಜಿಗೆ ಇಪ್ಪತ್ತು ಹೆಜ್ಜೆ ಅಷ್ಟೆ. ಅಷ್ಟರಲ್ಲಿ ಎಲ್ಲೋ ಉದುರಿಹೋಗಿತ್ತು. ಆ ದಿನದ ಸಾಲು ಖಾಲಿ ಬಿಟ್ಟೆ.

ಅದೊಂದೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಅದೇ ವಾರ ಬಟವಾಡೆ ಹೊತ್ತಿನಲ್ಲಿ, ಹದಿನೆಂಟು ವರ್ಷದಿಂದ ನಮ್ಮ ತೋಟದಲ್ಲಿ ದುಡಿಯುವ ಹೆಂಗಸಿನ ಹೆಸರು ನಾಲಿಗೆಗೆ ಬರಲಿಲ್ಲ. ಅವಳು ಎದುರಿಗೇ ನಿಂತಿದ್ದಳು. ಅವಳ ಮಗಳ ಹೆಸರು ಗೊತ್ತು, ಊರು ಗೊತ್ತು, ಅವಳ ಹೆಸರು ಮಾತ್ರ ಇಲ್ಲ. ಅರ್ಧ ಗಂಟೆ ಬಿಟ್ಟು, ಕೋಳಿಗೆ ಅಕ್ಕಿ ಹಾಕುವಾಗ ತಾನಾಗಿ ಬಂತು. ಆಗ ನನಗೆ 46. ಮರೆವಿನ ಕಾಯಿಲೆ ಶುರುವಾಯಿತೇ ಎಂದು ರಾತ್ರಿ ಮೂರು ಗಂಟೆಗೆ ಎದ್ದು ಕೂತು ಹೆದರಿದ್ದೇನೆ. ಮೊದಲು ಹೋದ ಡಾಕ್ಟರ್, "ವಯಸ್ಸಾಯ್ತಲ್ಲ, ಟೆನ್ಷನ್ ಮಾಡ್ಕೋಬೇಡಿ" ಎಂದು ನಿದ್ರೆ ಮಾತ್ರೆ ಬರೆದು ಕಳಿಸಿದರು. ಆ ಮಾತಿಗೆ ನನಗೆ ಇಂದಿಗೂ ಬೇಸರವಿದೆ. ಯಾಕೆಂದರೆ ಹೇಳಬೇಕಾದದ್ದು ಬೇಕಾದಷ್ಟಿತ್ತು.

ಮುಟ್ಟು ಪೂರ್ತಿ ನಿಲ್ಲುವುದಕ್ಕೆ ಮೊದಲಿನ ವರ್ಷಗಳಿಗೆ ಪೆರಿಮೆನೊಪಾಸ್ ಎನ್ನುತ್ತಾರೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ಅದು ಮೆನೊಪಾಸ್, ಅಂದರೆ ಋತುಬಂಧ. ನಮ್ಮ ದೇಶದಲ್ಲಿ ಸರಾಸರಿ 46–47ರ ಹೊತ್ತಿಗೆ ಅದು ಬರುತ್ತದೆ. ಅದಕ್ಕೂ ನಾಲ್ಕು ವರ್ಷ, ಕೆಲವರಿಗೆ ಎಂಟು ವರ್ಷ ಮೊದಲೇ ಒಳಗಿನ ಹವಾಮಾನ ಬದಲಾಗಲು ಶುರು.

ಈಸ್ಟ್ರೋಜೆನ್ ಎಂದರೆ ಗರ್ಭಕೋಶದ ಹಾರ್ಮೋನ್ ಎಂದು ನಾವು ಶಾಲೆಯಲ್ಲಿ ಓದಿದ್ದು. ಅದು ಅರ್ಧ ಮಾತು. ಈಸ್ಟ್ರೋಜೆನ್ ಬಂದು ಕೂರುವ ಜಾಗಗಳು ಮೆದುಳಿನಲ್ಲೂ ಇವೆ. ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್‌ನಲ್ಲಿವೆ. ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಹೋಗುವಾಗ ಅಂಕಿ, ಹೆಸರುಗಳನ್ನು ಕೈಯಲ್ಲಿ ಹಿಡಿದಿಡುವ ಹಣೆಯ ಹಿಂದಿನ ಭಾಗದಲ್ಲೂ ಇವೆ. ಮೆದುಳಿನ ಜೀವಕೋಶಗಳು ರಕ್ತದ ಸಕ್ಕರೆಯನ್ನು ಉರಿಸಿ ಶಕ್ತಿ ಮಾಡಿಕೊಳ್ಳಲು ಈಸ್ಟ್ರೋಜೆನ್ ನೆರವಾಗುತ್ತದೆ. ನನ್ನ ಇಪ್ಪತ್ತು ಹೆಜ್ಜೆಯ ಮರೆವಿಗೆ ಬೇರು ಇಲ್ಲಿದೆ.

ಇನ್ನೊಂದು ಮಾತು ನನಗೆ ತೋಟದಿಂದಲೇ ಅರ್ಥವಾಯಿತು. ಈ ಕಾಲದಲ್ಲಿ ಈಸ್ಟ್ರೋಜೆನ್ ಮೆಟ್ಟಿಲು ಇಳಿದ ಹಾಗೆ ನಿಧಾನವಾಗಿ ಇಳಿಯುವುದಿಲ್ಲ. ಒಂದು ವಾರ ಮೊದಲಿಗಿಂತ ಜಾಸ್ತಿ, ಮುಂದಿನ ವಾರ ಪಾತಾಳಕ್ಕೆ. ಹೂಮಳೆ ಬಂದು ಕಾಫಿ ಅರಳಿ, ಆಮೇಲೆ ಬರಬೇಕಾದ ಮಳೆ ಕೈಕೊಟ್ಟರೆ ಗಿಡ ಎಷ್ಟು ಕಂಗೆಡುತ್ತದೆ ಎಂದು ತೋಟದವರಿಗೆ ಗೊತ್ತು. ವರ್ಷದ ಒಟ್ಟು ಮಳೆ ಸರಿಯಾಗಿಯೇ ಇರಬಹುದು. ಹೊತ್ತು ತಪ್ಪಿದ್ದೇ ಗಿಡಕ್ಕೆ ಪೆಟ್ಟು. ಮೆದುಳಿಗೂ ಹಾಗೇ. 45 ದಾಟಿದವರಲ್ಲಿ ಒಂದು ದಿನದ ರಕ್ತಪರೀಕ್ಷೆಯಿಂದ ಪೆರಿಮೆನೊಪಾಸ್ ಹೌದೋ ಅಲ್ಲವೋ ಎಂದು ಹೇಳಲಾಗದು ಎನ್ನುವುದೂ ಇದಕ್ಕೇ. ಒಂದು ಬೆಳಗಿನ ಡಬ್ಬ ನೋಡಿ ಇಡೀ ಮಳೆಗಾಲವನ್ನು ಹೇಳಲಾದೀತೇ?

ಇದರ ಜೊತೆಗೆ ಬಿಸಿ. ಹೈಪೊಥಲಾಮಸ್ ಎಂಬ ಮೆದುಳಿನ ಭಾಗ ಮೈಯ ಶಾಖವನ್ನು ಕಾಯುತ್ತದೆ. ಅಲ್ಲಿನ ಕೆಲವು ನರಕೋಶಗಳಿಗೆ ಈಸ್ಟ್ರೋಜೆನ್ ಲಗಾಮು ಇದ್ದ ಹಾಗೆ. ಲಗಾಮು ಸಡಿಲಾದರೆ ಅವು ನ್ಯೂರೋಕೈನಿನ್-ಬಿ ಎಂಬ ಸಂದೇಶವನ್ನು ಅತಿಯಾಗಿ ಹೊರಡಿಸುತ್ತವೆ. ಆಗ ಶಾಖ ಒಂದಿಷ್ಟು ಏರಿದರೂ ಮೈ ಉರಿದುಹೋಗುತ್ತಿದೆ ಎಂದು ಮೆದುಳು ತಪ್ಪಾಗಿ ತಿಳಿದು ಬೆವರು ಸುರಿಸುತ್ತದೆ. ಡಿಸೆಂಬರಿನ ಚಳಿಯಲ್ಲಿ ನಮ್ಮವರು ಎರಡು ಕಂಬಳಿ ಹೊದ್ದು ಮಲಗಿದ್ದರೆ, ನಾನು ಕಿಟಕಿ ತೆಗೆದು ಮಂಜಿಗೆ ಮುಖ ಒಡ್ಡಿ ನಿಂತಿರುತ್ತಿದ್ದೆ. ಈ ಸಂದೇಶವನ್ನೇ ತಡೆಯುವ, ಹಾರ್ಮೋನ್ ಅಲ್ಲದ ಫೆಜೊಲಿನೆಟೆಂಟ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಕಾರಣ ಪತ್ತೆಯಾದರೆ ಮದ್ದಿಗೂ ದಾರಿ ಸಿಗುತ್ತದೆ, ಅಲ್ವಾ? ರಾತ್ರಿ ನಾಲ್ಕು ಸಲ ಹೀಗೆ ಎಚ್ಚರವಾದರೆ ಗಾಢ ನಿದ್ರೆ ಹರಿದುಹೋಗುತ್ತದೆ. ಹಗಲಿನ ನೆನಪುಗಳು ಗಟ್ಟಿಯಾಗುವುದು ಆ ನಿದ್ರೆಯಲ್ಲೇ.

ನಾನು ಎರಡನೆಯದಾಗಿ ಕಂಡ ಡಾಕ್ಟರಮ್ಮ ಮೊದಲು ಥೈರಾಯ್ಡ್, ಬಿ12, ಹಿಮೊಗ್ಲೋಬಿನ್, ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಎಂದು ಹೇಳುವ ಫೆರಿಟಿನ್ ನೋಡಿಸಿದರು. ಇವುಗಳಲ್ಲಿ ಯಾವುದು ಏರುಪೇರಾದರೂ ತಲೆ ಹೀಗೇ ಮಂಕಾಗುತ್ತದೆ. ಈ ವಯಸ್ಸಿನಲ್ಲಿ ರಕ್ತಸ್ರಾವ ಜಾಸ್ತಿಯಾಗಿ ಕಬ್ಬಿಣ ಇಳಿಯುವುದು ತೀರಾ ಸಾಮಾನ್ಯ. ನನಗೂ ಇಳಿದಿತ್ತು. ಆಮೇಲೆ ಅವರು, "ಮೂರು ತಿಂಗಳು ಎಲ್ಲ ಬರೆದುಕೊಂಡು ಬನ್ನಿ. ನಿದ್ರೆ, ಬಿಸಿ, ಮುಟ್ಟು, ಮನಸ್ಸು, ಎಲ್ಲ" ಎಂದರು.

ಬರೆಯಲು ಬೇರೆ ಪುಸ್ತಕ ಯಾಕೆ ಎಂದು ಮಳೆ ಪುಸ್ತಕದ ಅಂಚಿನಲ್ಲೇ ಶುರು ಮಾಡಿದೆ. ಹಳೆಯ ಪುಸ್ತಕಗಳನ್ನೂ ತಿರುವಿ ಹಾಕಿದೆ. ನನಗಿಂತ ಮೊದಲು ಮಳೆ ಬರೆಯುತ್ತಿದ್ದದ್ದು ನಮ್ಮ ಅತ್ತೆ. ಮುತ್ತು ಪೋಣಿಸಿದ ಹಾಗೆ ಅಕ್ಷರ. ಆದರೆ 1996ರ ಜುಲೈನಲ್ಲಿ ಒಂಬತ್ತು ದಿನ ಖಾಲಿ. 1997ರಲ್ಲಿ ಇನ್ನೂ ಜಾಸ್ತಿ. ಕೊಡಗಿನ ಜುಲೈಯಲ್ಲಿ ಒಂಬತ್ತು ದಿನ ಮಳೆ ಇಲ್ಲದೆ ಇರುತ್ತದೆಯೇ? ಆಗ ಅತ್ತೆಗೆ ಎಷ್ಟು ವಯಸ್ಸು ಎಂದು ಲೆಕ್ಕ ಹಾಕಿದೆ. 47.

ಅವತ್ತು ಕಕ್ಕಡ 18, ಕೊಡವರ ಕಕ್ಕಡ ತಿಂಗಳಲ್ಲಿ ಮದ್ದು ಸೊಪ್ಪಿನ ಅಡುಗೆ ಮಾಡಿ ತಿನ್ನುವ ದಿನ. ಅತ್ತೆ ಒಲೆಯ ಮುಂದೆ ಮದ್ದು ಸೊಪ್ಪಿನ ನೀರು ಸೋಸುತ್ತಿದ್ದರು, ಪಾತ್ರೆ, ಬಟ್ಟೆ, ಬೆರಳು ಎಲ್ಲ ನೇರಳೆ. ಪುಸ್ತಕ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು.

"ಮಳೆ ಬಂದದ್ದು ನೆನಪಿದೆ ಕಣಮ್ಮ. ಬರೆಯೋಕೆ ಹೋದರೆ ತಲೆಯಲ್ಲಿ ಏನೂ ಇರ್ತಿರಲಿಲ್ಲ. ನಾನು ನಾನೇ ಅಲ್ಲ ಅನ್ನಿಸ್ತಿತ್ತು. ಯಾರ ಹತ್ರ ಹೇಳೋದು?"

ಅದೇ 1996ರಲ್ಲಿ ಅಮೆರಿಕದಲ್ಲಿ 'ಸ್ವಾನ್' ಎಂಬ ದೊಡ್ಡ ಅಧ್ಯಯನಕ್ಕೆ 42ರಿಂದ 52 ವಯಸ್ಸಿನ ಹೆಂಗಸರನ್ನು ಸೇರಿಸಿಕೊಳ್ಳಲು ಶುರು ಮಾಡಿದ್ದರು. ಒಟ್ಟು 3,302 ಮಂದಿ. ಅವರಲ್ಲಿ 2,362 ಮಂದಿಗೆ ನಾಲ್ಕು ವರ್ಷ ನೆನಪಿನ ಮತ್ತು ಚುರುಕಿನ ಪರೀಕ್ಷೆಗಳನ್ನು ಮತ್ತೆ ಮತ್ತೆ ಕೊಟ್ಟು, 2009ರಲ್ಲಿ ಫಲಿತಾಂಶ ಹೇಳಿದರು. ಒಂದೇ ಪರೀಕ್ಷೆಯನ್ನು ಪದೇ ಪದೇ ಬರೆದರೆ ಅಭ್ಯಾಸದಿಂದ ಅಂಕ ಏರಬೇಕು. ಪೆರಿಮೆನೊಪಾಸ್‌ನಲ್ಲಿದ್ದಾಗ ಆ ಏರಿಕೆ ಕಾಣಲಿಲ್ಲ. ಕಲಿತದ್ದು ಕೂರುತ್ತಿರಲಿಲ್ಲ. ಮುಟ್ಟು ನಿಂತ ಮೇಲೆ ಕಲಿಕೆ ಮತ್ತೆ ಹಳಿಗೆ ಬಂತು. ನ್ಯೂಯಾರ್ಕಿನ ವೀಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಲೀಸಾ ಮೊಸ್ಕೋನಿ ಅವರ ತಂಡ ಮೆದುಳಿನ ಚಿತ್ರಗಳನ್ನು ತೆಗೆದು ನೋಡಿತು. ಈ ಕಾಲದಲ್ಲಿ ಮೆದುಳು ಶಕ್ತಿ ಬಳಸುವ ರೀತಿಯೇ ಬದಲಾಗುತ್ತದೆ, ಕೆಲವು ಭಾಗಗಳು ಮುಂದೆ ಚೇತರಿಸಿಕೊಳ್ಳುತ್ತವೆ ಎಂದು 2021ರಲ್ಲಿ ಬರೆಯಿತು. ಅಂದರೆ ಇದು ಮೆದುಳು ಸವೆದುಹೋಗುವ ಕಥೆ ಅಲ್ಲ, ಹೊಸ ಹವೆಗೆ ಒಗ್ಗಿಕೊಳ್ಳುವ ಕಥೆ. ತಿಳಿದ ದಾರಿಯಲ್ಲೇ ದಿಕ್ಕು ತಪ್ಪಿದರೆ, ದಿನಬಳಕೆಯ ಕೆಲಸವೇ ಮಾಡಲಾಗದಿದ್ದರೆ ಅದು ಬೇರೆ ಮಾತು. ಆಗ ತಡಮಾಡದೆ ತೋರಿಸಬೇಕು. ಮನಸ್ಸು ಕುಸಿದು ಮೇಲೇಳದಿದ್ದರೂ ಅಷ್ಟೆ. ಈ ವರ್ಷಗಳಲ್ಲಿ ಖಿನ್ನತೆಯ ಅಪಾಯ ಜಾಸ್ತಿ.

ನಾನು ಅತ್ತೆಯ ಪುಸ್ತಕವನ್ನು ಮುಂದಕ್ಕೆ ತಿರುವಿದೆ. 1998ರಲ್ಲಿ ಅಲ್ಲೊಂದು ಇಲ್ಲೊಂದು ಖಾಲಿ. 1999ರ ಮಳೆಗಾಲದಲ್ಲಿ ಒಂದು ಸಾಲೂ ಬಿಟ್ಟಿಲ್ಲ. ಅದೇ ದುಂಡು ಅಕ್ಷರ. ಆ ಪುಟ ನೋಡಿ ನನಗೆ ಆದ ಸಮಾಧಾನ ಯಾವ ವರದಿಯಿಂದಲೂ ಆಗಿರಲಿಲ್ಲ.

ಮೂರು ತಿಂಗಳ ಅಂಚು ಬರಹ ನನಗೇ ನನ್ನನ್ನು ತೋರಿಸಿತು. ಸಂಜೆ ಐದರ ಬೆಲ್ಲದ ಕಾಫಿ ಕುಡಿದ ದಿನ ರಾತ್ರಿ ಕೆಟ್ಟಿರುತ್ತಿತ್ತು. ಕೆಫೀನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಅಂದರೆ ಹತ್ತು ಗಂಟೆಗೂ ಅರ್ಧ ಲೋಟ ನನ್ನೊಳಗೇ ಇರುತ್ತಿತ್ತು. ಮದುವೆ ಮನೆಯಲ್ಲಿ ವೈನ್ ಕುಡಿದ ರಾತ್ರಿ ಬಿಸಿ ಜಾಸ್ತಿ. ತೋಟದ ಏರು ಹತ್ತಿ ಇಳಿದ ದಿನ ನಿದ್ರೆ ಚೆನ್ನ. ಪೆದ್ದಿಯಾದೆ ಎಂದು ಅಂದುಕೊಂಡ ದಿನಗಳೆಲ್ಲ ನಾಲ್ಕು ಗಂಟೆ ಕೂಡ ಮಲಗದ ದಿನಗಳೇ ಆಗಿದ್ದವು. ಸಿಡಿಮಿಡಿ, ದಣಿವು, ಮಂಕು ಎಂದರೆ ನಾನು ಎಂದುಕೊಂಡಿದ್ದೆ. ಪುಸ್ತಕದಲ್ಲಿ ಅವು ಬಂದು ಹೋಗುವ ದಿನಗಳಾಗಿ ಕಂಡವು.

ಡಾಕ್ಟರಮ್ಮನ ಜೊತೆ ಹಾರ್ಮೋನ್ ಚಿಕಿತ್ಸೆಯ, ಅಂದರೆ ಈಸ್ಟ್ರೋಜೆನ್ ಅನ್ನು ಹೊರಗಿನಿಂದ ಕೊಡುವುದರ ಬಗ್ಗೆಯೂ ಮಾತಾಡಿದೆ. 2002ರಲ್ಲಿ ಈ ಚಿಕಿತ್ಸೆಯ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ ಒಂದು ದೊಡ್ಡ ಪ್ರಯೋಗವನ್ನು ಸ್ತನ ಕ್ಯಾನ್ಸರ್ ಮತ್ತು ಹೃದಯದ ಅಪಾಯ ಕಂಡು ನಡುವೆಯೇ ನಿಲ್ಲಿಸಿದಾಗ ಹುಟ್ಟಿದ ಹೆದರಿಕೆ ಇನ್ನೂ ಹೋಗಿಲ್ಲ. ಆದರೆ ಅದರಲ್ಲಿದ್ದವರ ಸರಾಸರಿ ವಯಸ್ಸು 63. ಬಿಸಿ, ಬೆವರಿನಿಂದ ನರಳುವ, 60 ದಾಟದ, ಬೇರೆ ಅಡ್ಡಿ ಇಲ್ಲದ ಹೆಂಗಸರಿಗೆ ಅಪಾಯಕ್ಕಿಂತ ಲಾಭವೇ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಬರೀ ಮರೆವಿಗೆಂದು ಅದನ್ನು ಕೊಡುವುದಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ಒಬ್ಬೊಬ್ಬರ ದೇಹ, ಮನೆತನದ ಕಾಯಿಲೆಗಳನ್ನು ನೋಡಿ ಡಾಕ್ಟರ್ ಜೊತೆ ಕೂತು ತೀರ್ಮಾನಿಸಬೇಕಾದದ್ದು. ನಾನು ಸದ್ಯಕ್ಕೆ ಕಬ್ಬಿಣದ ಮಾತ್ರೆ ಮತ್ತು ನಿದ್ರೆಯಲ್ಲೇ ಇದ್ದೇನೆ.

ಈಗ ಅಳೆಯುವುದು ನಾನು, ಬರೆಯುವುದು ಅತ್ತೆ. ನಾನು ಅಂಗಳದಿಂದಲೇ ಅಂಕಿ ಕೂಗುತ್ತೇನೆ, ಕಿಟಕಿ ಹತ್ತಿರ ಪೆನ್ನು ಹಿಡಿದು ಕೂತಿರುತ್ತಾರೆ. ಈವತ್ತು 2 ಇಂಚು 35 ಸೆಂಟ್. "ನಿದ್ರೆ?" ಎಂದು ಕೇಳಿದರು. "ಆರು ಗಂಟೆ." "ಬಿಸಿ?" "ಒಂದೇ ಸಲ." ಮೂರನ್ನೂ ಒಂದೇ ಸಾಲಿನಲ್ಲಿ ಬರೆದರು.