ಪದ ಪರಿಚಯ: ಪ್ಯಾನೆಲ್

‘ಗೇಮ್ ಆಡೋಕೆ ಎಲ್‌ಇಡಿ ಪ್ಯಾನೆಲ್ ಒಳ್ಳೇದಾ, ಕ್ಯೂಎಲ್‌ಇಡಿ ಪ್ಯಾನೆಲ್ಲಾ?’ ಟಿವಿ ಕೊಳ್ಳುವ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಬರುತ್ತದೆ, ಜನ ಗಂಭೀರವಾಗಿ ಉತ್ತರವನ್ನೂ ಕೊಡುತ್ತಾರೆ. ಹೆಸರಿಸಿರುವ ಎರಡರಲ್ಲಿ ಒಂದೂ ಪ್ಯಾನೆಲ್ ಅಲ್ಲ. ಎಲ್‌ಇಡಿ ಎಂದರೆ ಪ್ಯಾನೆಲ್ಲಿನ ಹಿಂದೆ ಉರಿಯುವ ದೀಪ. ಕ್ಯೂಎಲ್‌ಇಡಿ ಎಂದರೆ ಅದೇ ದೀಪದ ಮುಂದೆ ಕ್ವಾಂಟಮ್ ಡಾಟ್ ಎಂಬ ಅತಿಸೂಕ್ಷ್ಮ ಕಣಗಳ ಹಾಳೆ ಸೇರಿಸಿದ್ದು: ನೀಲಿ ಎಲ್‌ಇಡಿಯ ಬೆಳಕಿನಲ್ಲಿ ಒಂದು ಪಾಲನ್ನು ಆ ಕಣಗಳು ಶುದ್ಧ ಕೆಂಪು, ಹಸಿರಿಗೆ ತಿರುಗಿಸುತ್ತವೆ, ಬಣ್ಣ ಗಾಢವಾಗುತ್ತದೆ, ಅಷ್ಟೇ. ಮಿನಿ ಎಲ್‌ಇಡಿಯೂ ದೀಪವೇ. ಗಾತ್ರ ಚಿಕ್ಕದು, ಸಂಖ್ಯೆ ಹೆಚ್ಚು. ಈ ಮೂರು ಹೆಸರಿನ ಟಿವಿಗಳಲ್ಲೂ ಚಿತ್ರ ಮೂಡಿಸುವುದು ಎಲ್‌ಸಿಡಿ ಪ್ಯಾನೆಲ್ಲೇ. ‘ಒಎಲ್‌ಇಡಿ ಪ್ಯಾನೆಲ್’ ಎಂದರೆ ತಪ್ಪಿಲ್ಲ, ಅಲ್ಲಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಹಿಂದೆ ದೀಪವಿಲ್ಲ. ಅದರ ಕಥೆ ಬೇರೆ, ಇಲ್ಲಿ ಬೇಡ.

ದೀಪದ ಹೆಸರನ್ನು ಪ್ಯಾನೆಲ್ಲಿಗೆ ಅಂಟಿಸಿದರೆ ಏನು ನಷ್ಟ? ಗೇಮ್ ಆಡುವವರಿಗೆ ಬಹಳ ನಷ್ಟ. ಕಪ್ಪು ಎಷ್ಟು ಕಪ್ಪಾಗಿರುತ್ತದೆ, ಪಕ್ಕದಲ್ಲಿ ಕೂತವರಿಗೆ ಏನು ಕಾಣುತ್ತದೆ, ಕತ್ತಲ ದೃಶ್ಯ ಸರಿದಾಗ ಮಸಿ ಬಳಿದಂತಾಗುತ್ತದೋ ಇಲ್ಲವೋ, ಇವೆಲ್ಲಕ್ಕೂ ತಳಹದಿ ಪ್ಯಾನೆಲ್. ಪೆಟ್ಟಿಗೆಯ ಮೇಲಿನ ದೊಡ್ಡಕ್ಷರಗಳಲ್ಲಿ ಅದರ ಸುಳಿವೇ ಇರುವುದಿಲ್ಲ.

ಪ್ಯಾನೆಲ್ ಎಂದರೆ ಎರಡು ಗಾಜಿನ ಹಾಳೆ, ನಡುವೆ ತೆಳ್ಳಗೆ ದ್ರವ ಹರಳು, ಹೊರಮೈಗಳಿಗೆ ಒಂದಕ್ಕೊಂದು ಅಡ್ಡಲಾಗಿ ಹಚ್ಚಿದ ಎರಡು ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ), ಒಳಗೆ ಬಣ್ಣದ ಫಿಲ್ಟರ್, ಒಂದೊಂದು ಉಪಪಿಕ್ಸೆಲ್ಲಿಗೂ (ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ಭಾಗ) ಟ್ರಾನ್ಸಿಸ್ಟರ್. ಹಿಂದಿನ ಬೆಳಕಿನಲ್ಲಿ ಎಷ್ಟನ್ನು ಮುಂದಕ್ಕೆ ಬಿಡಬೇಕೆಂಬುದನ್ನು ಹರಳಿನ ಅಣುಗಳು ತೀರ್ಮಾನಿಸುತ್ತವೆ. ವೋಲ್ಟೇಜ್ ಇಲ್ಲದಾಗ ಆ ಅಣುಗಳು ಹೇಗೆ ನಿಂತಿರುತ್ತವೆ, ಕೊಟ್ಟಾಗ ಯಾವ ಕಡೆ ತಿರುಗುತ್ತವೆ ಎನ್ನುವುದರ ಮೇಲೆ ಪ್ಯಾನೆಲ್ಲಿನ ಜಾತಿ ನಿಂತಿದೆ. 1970ರಲ್ಲಿ ಬಂದ ಟಿಎನ್ (ಟ್ವಿಸ್ಟೆಡ್ ನೆಮ್ಯಾಟಿಕ್) ಜಾತಿಯಲ್ಲಿ ಅಣುಗಳು 90 ಡಿಗ್ರಿ ಸುತ್ತಿಕೊಂಡಿರುತ್ತವೆ. ವೇಗ ಇದೆ, ಆದರೆ ಸ್ವಲ್ಪ ಕೆಳಗಿನಿಂದ ನೋಡಿದರೂ ಚಿತ್ರ ಕೆಡುತ್ತದೆ. ದೊಡ್ಡ ಟಿವಿ ಕೊಳ್ಳುವವರು ಇದನ್ನು ಮರೆತುಬಿಡಬಹುದು. ಉಳಿದದ್ದು ಐಪಿಎಸ್ (ಇನ್-ಪ್ಲೇನ್ ಸ್ವಿಚಿಂಗ್) ಮತ್ತು ವಿಎ (ವರ್ಟಿಕಲ್ ಅಲೈನ್‌ಮೆಂಟ್). 1996ರಲ್ಲಿ ಹಿಟಾಚಿ ಮಾರುಕಟ್ಟೆಗೆ ತಂದ ಐಪಿಎಸ್‌ನಲ್ಲಿ ಅಣುಗಳು ಗಾಜಿಗೆ ಸಮಾನಾಂತರವಾಗಿ ಮಲಗಿ, ಮಲಗಿದಲ್ಲೇ ತಿರುಗುತ್ತವೆ. ವಿಎಯಲ್ಲಿ ಗಾಜಿಗೆ ನೆಟ್ಟಗೆ ನಿಂತಿದ್ದು, ವೋಲ್ಟೇಜ್ ಬಂದಾಗ ಬಾಗುತ್ತವೆ.

ನೆಟ್ಟಗೆ ನಿಂತ ಅಣು ಬೆಳಕಿನ ಧ್ರುವೀಕರಣವನ್ನು (ಕಂಪಿಸುವ ದಿಕ್ಕನ್ನು) ಮುಟ್ಟುವುದೇ ಇಲ್ಲ, ಹಾಗಾಗಿ ಅಡ್ಡ ಪೋಲರೈಸರ್ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ವಿಎಯ ಕಾಂಟ್ರಾಸ್ಟ್ (ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಪ್ರಕಾಶಮಾನ ಎಂಬುದು) 3000:1ರಿಂದ 6000:1ರವರೆಗೆ ಹೋಗುವುದು ಇದರಿಂದಲೇ. ಐಪಿಎಸ್ ಸುಮಾರು 1000:1ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಿಳಿ 300 ನಿಟ್ಸ್ (ಪ್ರಕಾಶದ ಅಳತೆ) ಇರುವಂತೆ ಹೊಂದಿಸಿದರೆ ಐಪಿಎಸ್‌ನ ಕಪ್ಪು 0.3 ನಿಟ್ಸ್, 5000:1 ಇರುವ ವಿಎಯ ಕಪ್ಪು 0.06 ನಿಟ್ಸ್. ಹಗಲು ಬೆಳಕಿನ ಕೋಣೆಯಲ್ಲಿ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ದೀಪ ಆರಿಸಿ ಗುಹೆಯೊಳಗಿನ ದೃಶ್ಯ ಆಡಿ: 0.3 ನಿಟ್ಸ್ ಬೂದಿ ಬಣ್ಣವಾಗಿ ಕಣ್ಣಿಗೆ ಹೊಡೆಯುತ್ತದೆ, ಮೂಲೆಗಳು ಮಬ್ಬಾಗಿ ಹೊಳೆಯುತ್ತವೆ.

ಹಾಗಾದರೆ ಗೇಮಿಂಗ್‌ಗೆ ವಿಎಯೇ ಸೈ ಅಂತ ಮುಗಿಸುವವರಿದ್ದಾರೆ. ಅವಸರ ಬೇಡ. ವಿಎಯ ದೊಡ್ಡ ದೋಷ ಕಾಣುವುದೂ ಕತ್ತಲಲ್ಲೇ. ಪೂರ್ತಿ ಕಪ್ಪಿನಿಂದ ಕಡುಬೂದಿಗೆ ಹೋಗಲು ಅಣುವಿಗೆ ಸಿಗುವ ವೋಲ್ಟೇಜ್ ತೀರ ಕಡಿಮೆ, ಆದ್ದರಿಂದ ಅದು ನಿಧಾನವಾಗಿ ಬಾಗುತ್ತದೆ. 60 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬರುವಾಗ, ಒಂದು ಫ್ರೇಮ್ 16.7 ಮಿಲಿಸೆಕೆಂಡ್ ಇರುತ್ತದೆ, 120ರಲ್ಲಿ 8.3. ಆ ಬಾಗುವಿಕೆ ಇಷ್ಟರೊಳಗೆ ಮುಗಿಯದಿದ್ದರೆ ಹಳೆಯ ಫ್ರೇಮಿನ ಕಪ್ಪು ಹೊಸದರ ಮೇಲೆ ಉಳಿದುಬಿಡುತ್ತದೆ. ಕತ್ತಲ ಓಣಿಯಲ್ಲಿ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಸರಕ್ಕನೆ ತಿರುಗಿಸಿ. ಕಂಬದ ಹಿಂದೆ ಕರಿ ಬಾಲವೊಂದು ಎಳೆದುಕೊಂಡು ಬರುತ್ತದೆ. ಇದಕ್ಕೇ ಬ್ಲ್ಯಾಕ್ ಸ್ಮಿಯರ್ ಎನ್ನುವುದು. ಬೆಳಕು ತುಂಬಿದ ದೃಶ್ಯದಲ್ಲಿ ಅದೇ ಟಿವಿಯಲ್ಲಿ ಇದರ ಸುಳಿವೂ ಇರುವುದಿಲ್ಲ, ಅಂಗಡಿಯ ಡೆಮೊ ವೀಡಿಯೊದಲ್ಲಂತೂ ಖಂಡಿತ ಇರುವುದಿಲ್ಲ. ಅಣುವನ್ನು ಬೇಗ ತಿರುಗಿಸಲು ಕ್ಷಣಕಾಲ ಹೆಚ್ಚು ವೋಲ್ಟೇಜ್ ಕೊಡುವ ಓವರ್‌ಡ್ರೈವ್ ತಂತ್ರ ಇದೆ, ಆದರೆ ಮಿತಿ ಮೀರಿದರೆ ಅಣು ಗುರಿ ದಾಟಿ ಹೋಗಿ, ಕರಿ ಬಾಲದ ಬದಲು ಬಿಳಿಚು ಅಂಚು ಕಾಣಿಸಿಕೊಳ್ಳುತ್ತದೆ. ಚಳಿಯಲ್ಲಿ ದ್ರವ ಹರಳು ಇನ್ನೂ ಮಂದವಾಗುವುದರಿಂದ, ಟಿವಿ ಆನ್ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ ಸ್ಮಿಯರ್ ಹೆಚ್ಚು ಕಾಣಬಹುದು.

ಐಪಿಎಸ್‌ನಲ್ಲಿ ಕಪ್ಪಿನಿಂದ ಬೂದಿ, ಬೂದಿಯಿಂದ ಬಿಳಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮಯ ತೆಗೆದುಕೊಳ್ಳುತ್ತವೆ. ಸರಾಸರಿ ವೇಗದಲ್ಲಿ ವಿಎ ಸಮನಾಗಿ ಕಂಡರೂ ಆಟಗಾರ ಗಮನಿಸುವುದು ಅತಿ ನಿಧಾನದ ಬದಲಾವಣೆಯನ್ನೇ. ‘1 ಮಿಲಿಸೆಕೆಂಡ್’ ಎಂದು ಅಚ್ಚುಹಾಕಿದ ಸಂಖ್ಯೆ ಸಾಮಾನ್ಯವಾಗಿ ಅತಿ ವೇಗದ ಒಂದು ಬದಲಾವಣೆಯದ್ದು, ಇಲ್ಲವೇ ದೀಪ ಮಿಣುಕಿಸಿ ಪಡೆದ ಎಂಪಿಆರ್‌ಟಿ (ಚಲಿಸುವ ಚಿತ್ರ ಕಣ್ಣಿಗೆ ಕಾಣುವ ಹೊತ್ತು) ಲೆಕ್ಕ.

ಇಲ್ಲೇ ಇನ್ನೊಂದು ಕಲಬೆರಕೆಯನ್ನೂ ಬಿಡಿಸಿಬಿಡಬೇಕು. ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಹೊತ್ತು ರೆಸ್ಪಾನ್ಸ್ ಟೈಮ್. ಇದು ಪ್ಯಾನೆಲ್ಲಿನ ಗುಣ. ಗುಂಡಿ ಒತ್ತಿದ್ದು ಪರದೆಯಲ್ಲಿ ಕಾಣಲು ಟಿವಿ ಮಾಡುವ ತಡ ಇನ್‌ಪುಟ್ ಲ್ಯಾಗ್. ಇದಕ್ಕೆ ಮುಖ್ಯ ಕಾರಣ ಟಿವಿಯೊಳಗಿನ ಚಿತ್ರಸಂಸ್ಕರಣೆ. ಗೇಮ್ ಮೋಡ್ ಹಾಕದಿದ್ದರೆ ಇದು 100 ಮಿಲಿಸೆಕೆಂಡ್ ಮುಟ್ಟುವುದೂ ಉಂಟು, ಹಾಕಿದರೆ ಒಳ್ಳೆಯ ಟಿವಿಗಳಲ್ಲಿ 10–15ಕ್ಕೆ ಇಳಿಯುತ್ತದೆ. ‘ಐಪಿಎಸ್ ತಗೊಂಡ್ರೆ ಲ್ಯಾಗ್ ಇರಲ್ಲ’ ಎನ್ನುವ ಸಲಹೆಗೆ ಅರ್ಥವೇ ಇಲ್ಲ. ಇನ್ನು ಚಲನೆಯ ಮಸುಕಿನಲ್ಲಿ ಒಂದು ಪಾಲು ಎರಡಕ್ಕೂ ಸೇರದ್ದು: ಫ್ರೇಮ್ ಇಡೀ ಅವಧಿ ಪರದೆಯಲ್ಲಿ ನಿಂತೇ ಇರುವುದರಿಂದ, ಸೆಕೆಂಡಿಗೆ 960 ಪಿಕ್ಸೆಲ್ ಓಡುವ ವಸ್ತು 60 ಹರ್ಟ್ಜ್‌ನಲ್ಲಿ 16 ಪಿಕ್ಸೆಲ್‌ನಷ್ಟು ಮಸುಕಾಗುತ್ತದೆ, 120ರಲ್ಲಿ 8. ಪ್ಯಾನೆಲ್ ಯಾವ ಜಾತಿಯದಾದರೂ ಈ ಲೆಕ್ಕ ಬದಲಾಗದು.

ಈಗ ಹೆಸರುಗಳ ಗೋಜಲು. ಐಪಿಎಸ್ ಒಂದು ಕುಟುಂಬ, ತಯಾರಕರು ತಮ್ಮ ತಮ್ಮ ಹೆಸರಿಟ್ಟುಕೊಂಡಿದ್ದಾರೆ. ಬಿಒಇಯ ಎಡಿಎಸ್, ಸ್ಯಾಮ್‌ಸಂಗ್‌ನ ಪಿಎಲ್‌ಎಸ್ ಎರಡೂ ನಡವಳಿಕೆಯಲ್ಲಿ ಐಪಿಎಸ್ ಬಳಗದವು. ಹೆಚ್ಚು ಜನ ಎಡವುವುದು ಎಯುಒ ಕಂಪನಿಯ ಎಎಚ್‌ವಿಎಯಲ್ಲಿ. ಕೊನೆಗೆ ‘ವಿಎ’ ಎಂದಿರುವುದರಿಂದ ವಿಎ ಪ್ಯಾನೆಲ್ ಎಂದುಕೊಳ್ಳುತ್ತಾರೆ. ಅಲ್ಲಿ ವಿಎ ಎಂದರೆ ‘ವ್ಯೂಯಿಂಗ್ ಆ್ಯಂಗಲ್’. ಪ್ಯಾನೆಲ್ ಐಪಿಎಸ್ ಬಳಗದ್ದು. ಅದೇ ಕಂಪನಿಯ ಎಎಂವಿಎಯಲ್ಲಿ ಮಾತ್ರ ವಿಎ ಎಂದರೆ ‘ವರ್ಟಿಕಲ್ ಅಲೈನ್‌ಮೆಂಟ್’, ನಿಜವಾದ ವಿಎ. ಒಂದಕ್ಷರದ ಅಂತರ, ಕಾಂಟ್ರಾಸ್ಟ್‌ನಲ್ಲಿ ಮೂರು ಪಟ್ಟು ವ್ಯತ್ಯಾಸ. ಎಂವಿಎ, ಪಿವಿಎ, ಸಿಎಸ್ಒಟಿಯ ಎಚ್‌ವಿಎ ಇವೆಲ್ಲ ವಿಎ ಕಡೆಯವು. ಸಂದೇಹ ಬಂದರೆ ಹೆಸರು ಬಿಟ್ಟು ನೇಟಿವ್ (ಪ್ಯಾನೆಲ್ಲಿನದೇ ಆದ) ಕಾಂಟ್ರಾಸ್ಟ್ ನೋಡಿ: 1000 ಅಥವಾ 1200 ಎಂದಿದ್ದರೆ ಐಪಿಎಸ್ ಬಳಗ, 3000ಕ್ಕೆ ಮೇಲಿದ್ದರೆ ವಿಎ. ‘ಡೈನಾಮಿಕ್ ಕಾಂಟ್ರಾಸ್ಟ್’ ಎಂಬ ಲಕ್ಷಗಟ್ಟಲೆಯ ಸಂಖ್ಯೆಯನ್ನು ಲೆಕ್ಕಕ್ಕೇ ಇಡಬೇಡಿ.

ಮಾದರಿಯ ಹೆಸರನ್ನೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಪ್ಯಾನೆಲ್ ಇಂಚಿನೊಂದಿಗೆ ಬದಲಾಗುತ್ತದೆ. ಪ್ಯಾನೆಲ್‌ಗಳನ್ನು ದೊಡ್ಡ ಮದರ್ ಗ್ಲಾಸ್‌ನಿಂದ ಕತ್ತರಿಸುತ್ತಾರೆ. 8.5ನೇ ತಲೆಮಾರಿನ ಕಾರ್ಖಾನೆಯ ಗಾಜು 220 x 250 ಸೆಂ.ಮೀ. 55 ಇಂಚಿನ ಪರದೆ ಸುಮಾರು 122 x 68.5 ಸೆಂ.ಮೀ.; ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು, ಹೀಗೆ ಆರು ಪರದೆ ಚೊಕ್ಕವಾಗಿ ಸಿಗುತ್ತವೆ. 144 x 81 ಸೆಂ.ಮೀ.ನ 65 ಇಂಚು ಅದೇ ಗಾಜಿನಲ್ಲಿ ಮೂರೇ ಹಿಡಿಸುತ್ತದೆ. 294 x 337 ಸೆಂ.ಮೀ.ನ 10.5ನೇ ತಲೆಮಾರಿನ ಗಾಜಿನಲ್ಲಿ ಅದೇ 65 ಇಂಚು ಎಂಟು ಬರುತ್ತದೆ. ಯಾವ ಗಾತ್ರ ಯಾವ ಕಾರ್ಖಾನೆಯಲ್ಲಿ ಅಗ್ಗವೋ ಅಲ್ಲಿಂದ ಟಿವಿ ಕಂಪನಿ ಪ್ಯಾನೆಲ್ ತರಿಸುತ್ತದೆ. ಹಾಗಾಗಿ ಒಂದೇ ಮಾದರಿಯ 55 ಇಂಚಿನದು ವಿಎ, 50 ಅಥವಾ 75 ಇಂಚಿನದು ಐಪಿಎಸ್ ಆಗಿರುವುದು ಅಪರೂಪವೇನಲ್ಲ. 55 ಇಂಚಿನ ವಿಮರ್ಶೆ ಓದಿ 43 ಕೊಳ್ಳುವುದು ಬೇರೆ ಟಿವಿ ಕೊಂಡಂತೆ.

ರಿಫ್ರೆಶ್ ರೇಟ್‌ಗೂ (ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಎಂಬುದಕ್ಕೂ) ಇದೇ ಮಾತು. ಒಂದೇ ಸರಣಿಯಲ್ಲಿ 55ರಿಂದ ಮೇಲಿನವು 120 ಹರ್ಟ್ಜ್ ಇದ್ದು, 43 ಮತ್ತು 50 ಇಂಚಿನವು 60 ಆಗಿರುವುದು ಬಹಳ ಸಲ. ‘ಮೋಷನ್ ರೇಟ್ 120’ ಎಂಬ ಬಗೆಯ ಮಾತು ಹೆಚ್ಚಾಗಿ 60 ಹರ್ಟ್ಜ್ ಪ್ಯಾನೆಲ್ಲಿನ ಅಲಂಕಾರ. ‘ನೇಟಿವ್’ ಎಂಬ ಪದ ಹುಡುಕಿ. ಡಿಎಲ್‌ಜಿ (ಡ್ಯುಯಲ್ ಲೈನ್ ಗೇಟ್) ಎಂಬ ತಂತ್ರ ಇದ್ದರೆ 60 ಹರ್ಟ್ಜ್‌ನ 4ಕೆ ಪ್ಯಾನೆಲ್ ಎರಡೆರಡು ಸಾಲುಗಳನ್ನು ಒಟ್ಟಿಗೆ ಓಡಿಸಿ 120 ಮುಟ್ಟುತ್ತದೆ, ಆದರೆ ಮೇಲಿಂದ ಕೆಳಕ್ಕಿನ ವಿವರ 2160 ಸಾಲಿನಿಂದ 1080ಕ್ಕೆ ಇಳಿಯುತ್ತದೆ. ವೇಗದ ಆಟಕ್ಕೆ ಅದು ಒಪ್ಪುವ ರಾಜಿ. ಆದರೆ ಅದನ್ನು ‘4ಕೆ 120’ ಎಂದು ಮಾರುವುದು ಸರಿಯಲ್ಲ.

ಗಾತ್ರ ಎಷ್ಟಿರಬೇಕು? ಪರದೆ ಕಣ್ಣಿಗೆ 30ರಿಂದ 40 ಡಿಗ್ರಿ ಅಗಲ ಕಾಣುವಂತಿರಲಿ. ಅಂದರೆ ಕೂರುವ ದೂರ ಕರ್ಣದ ಅಳತೆಯ 1.2ರಿಂದ 1.6 ಪಟ್ಟು: 43 ಇಂಚಿಗೆ ಸುಮಾರು 130ರಿಂದ 175 ಸೆಂ.ಮೀ., 55ಕ್ಕೆ 170ರಿಂದ 225, 65ಕ್ಕೆ 200ರಿಂದ 265. ಎದುರಾಳಿಗಳು ಮೂಲೆಯಿಂದ ನುಗ್ಗುವ ಶೂಟರ್ ಆಟಗಳಿಗೆ ಇದಕ್ಕಿಂತ ಅಗಲ ಬೇಡ. ಕತ್ತು ತಿರುಗಿಸಿ ಮ್ಯಾಪ್ ನೋಡಬೇಕಾದರೆ ಆಟ ಹೋಯಿತು. ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಮಾತು ಸಿನಿಮಾಕ್ಕೆ ಸಲ್ಲುತ್ತದೆ, ಗೇಮಿಗೆ ಪೂರ್ತಿ ಸಲ್ಲುವುದಿಲ್ಲ.

ಗಾತ್ರ ಮತ್ತು ಪ್ಯಾನೆಲ್ ಜಾತಿಯನ್ನು ಬೇರೆ ಬೇರೆ ತೀರ್ಮಾನಿಸುವುದು ಇನ್ನೊಂದು ತಪ್ಪು. 43 ಇಂಚಿನ ಟಿವಿಯನ್ನು ಮೇಜಿನ ಮೇಲಿಟ್ಟು 80 ಸೆಂ.ಮೀ. ದೂರದಲ್ಲಿ ಕೂತರೆ, ನಟ್ಟನಡುವೆ ಇದ್ದರೂ ಅಂಚುಗಳನ್ನು ನೀವು ನೋಡುವುದು ಸುಮಾರು 30 ಡಿಗ್ರಿ ಓರೆಯಲ್ಲಿ. ವಿಎಯಲ್ಲಿ ಅಷ್ಟು ಓರೆಗೇ ಬಣ್ಣ ತೇಲಿ, ಕಡುಬೂದಿಗಳು ಬಿಳಿಚಿಕೊಳ್ಳುತ್ತವೆ. ಒಂದೇ ಬಣ್ಣದ ಆಕಾಶ ಮಧ್ಯದಲ್ಲಿ ಒಂದು ಥರ, ಬದಿಯಲ್ಲಿ ಇನ್ನೊಂದು ಥರ. ಹತ್ತಿರ ಕೂರುವವರಿಗೆ, ನಾಲ್ಕು ಜನ ಸಾಲಾಗಿ ಕೂತು ಸ್ಪ್ಲಿಟ್ ಸ್ಕ್ರೀನ್ ಆಡುವವರಿಗೆ, ಬೆಳಕಿರುವ ಕೋಣೆಗೆ ಐಪಿಎಸ್. ಒಬ್ಬರೇ ನೇರ ಎದುರಿಗೆ, ದೂರದಲ್ಲಿ, ರಾತ್ರಿ ಕತೆಪ್ರಧಾನ ಆಟ ಆಡುವವರಿಗೆ ವಿಎ, ಅದರಲ್ಲೂ ಫುಲ್ ಅರೇ ಲೋಕಲ್ ಡಿಮ್ಮಿಂಗ್ (ಪರದೆಯ ಹಿಂದೆಲ್ಲ ಇರುವ ದೀಪಗಳನ್ನು ಭಾಗಭಾಗವಾಗಿ ಮಂದಗೊಳಿಸುವುದು) ಇರುವುದು. ಪಂದ್ಯದ ಹುಚ್ಚಿರುವವರು ಕಪ್ಪಿನ ಚಿಂತೆ ಬಿಟ್ಟು 120 ಹರ್ಟ್ಜ್ ಐಪಿಎಸ್ ಹುಡುಕಲಿ. ಅಂಚಿನಲ್ಲಷ್ಟೇ ದೀಪವಿರುವ ಐಪಿಎಸ್ ಟಿವಿಯನ್ನು ಕತ್ತಲ ಕೋಣೆಗೆ ಯಾರಿಗೂ ಹೇಳಲಾಗದು.

ಅಂಗಡಿಯಲ್ಲಿ ಪರೀಕ್ಷಿಸುವುದಾದರೆ ಪೆನ್‌ಡ್ರೈವ್‌ನಲ್ಲಿ ಎರಡು ಫೈಲ್ ಸಾಕು: ಕಡುಬೂದಿ ಪಟ್ಟಿಗಳ ಚಿತ್ರ ಒಂದು, ಕತ್ತಲ ದೃಶ್ಯ ಅಡ್ಡಕ್ಕೆ ಸರಿಯುವ ವೀಡಿಯೊ ಒಂದು. ಮೊದಲು ಬಣ್ಣ ಅತಿಯಾಗಿ ಹೊಳೆಯಿಸುವ ವಿವಿಡ್ ಮೋಡ್ ತೆಗೆಸಿ. ಚಿತ್ರವನ್ನು 45 ಡಿಗ್ರಿಯಿಂದ ನೋಡಿ. ಪಟ್ಟಿಗಳು ಬಿಳಿಚಿ ಒಂದರೊಳಗೊಂದು ಸೇರಿಕೊಂಡರೆ ವಿಎ. ಬಣ್ಣ ಗಟ್ಟಿಯಾಗಿ ನಿಂತು ಕಪ್ಪು ಮಾತ್ರ ಹೊಳೆದರೆ ಐಪಿಎಸ್. ಫೋನಿನ ಮ್ಯಾಕ್ರೊ ಕ್ಯಾಮೆರಾದಲ್ಲಿ ಬಿಳಿ ಪರದೆಯ ಚಿತ್ರ ತೆಗೆದರೆ, ಐಪಿಎಸ್ ಉಪಪಿಕ್ಸೆಲ್‌ಗಳು ಸಾಮಾನ್ಯವಾಗಿ ಓರೆಯಾಗಿ ಬಾಗಿರುತ್ತವೆ, ವಿಎಯವು ನೆಟ್ಟಗಿದ್ದು ಹಲವು ತುಂಡುಗಳಾಗಿ ಒಡೆದಂತೆ ಕಾಣುತ್ತವೆ.

ಎಚ್‌ಡಿಎಂಐ 2.1 ಎಂಬ ಗುರುತಿನಿಂದ 4ಕೆ 120 ಸಿಗುತ್ತದೆಂದೇನೂ ಇಲ್ಲ, 2.1ರ ಸೌಲಭ್ಯಗಳೆಲ್ಲ ಐಚ್ಛಿಕ. ಎಷ್ಟು ಪೋರ್ಟ್ 4ಕೆ 120 ಹಿಡಿಯುತ್ತವೆ, ವಿಆರ್‌ಆರ್ (ಆಟದ ಫ್ರೇಮ್ ವೇಗಕ್ಕೆ ತಕ್ಕಂತೆ ರಿಫ್ರೆಶ್ ರೇಟ್ ಬದಲಿಸುವುದು) ಇದೆಯೇ ಎಂದು ಬಿಡಿಬಿಡಿಯಾಗಿ ಕೇಳಿ, ‘ಅಲ್ಟ್ರಾ ಹೈ ಸ್ಪೀಡ್’ ಕೇಬಲ್ ಬಳಸಿ. ಹಲವು ಟಿವಿಗಳಲ್ಲಿ ಆ ಪೋರ್ಟಿನ ಪೂರ್ಣ ವೇಗವನ್ನು ಮೆನುವಿನಲ್ಲಿ ಬೇರೆಯಾಗಿ ಆನ್ ಮಾಡಬೇಕು. ಅದು ಆಫ್ ಇದ್ದರೆ ಕನ್ಸೋಲ್ 60ನ್ನೇ ತೋರಿಸುತ್ತದೆ, ಬೈಗುಳ ಪ್ಯಾನೆಲ್ಲಿಗೆ ಬೀಳುತ್ತದೆ. ಕಂಪ್ಯೂಟರ್ ಜೋಡಿಸಿದಾಗ ಇನ್‌ಪುಟ್‌ಗೆ ‘ಪಿಸಿ’ ಎಂದು ಹೆಸರಿಡಿ, ಹಲವು ಟಿವಿಗಳಲ್ಲಿ ಕ್ರೋಮಾ 4:4:4 (ಪ್ರತಿ ಪಿಕ್ಸೆಲ್ಲಿಗೂ ಪೂರ್ತಿ ಬಣ್ಣದ ಮಾಹಿತಿ) ಸಿಗುವುದು ಹಾಗೆ ಮಾತ್ರ. ಇಡದಿದ್ದರೆ ಕಡುಬಣ್ಣದ ಹಿನ್ನೆಲೆಯ ಮೇಲಿನ ಕೆಂಪು ಅಕ್ಷರಗಳ ಅಂಚು ಕಲಸಿಹೋಗುತ್ತದೆ.