ರಕ್ತ ಕಮ್ಮಿಯಾದ ಮೇಲೆ ಮೆದುಳಲ್ಲಿ ಹುಟ್ಟೋ ಹೊಸ ಕೋಶಗಳು

ಜರ್ಬಿಲ್ ಅಂತ ಒಂದು ಸಣ್ಣ ಮರುಭೂಮಿ ಇಲಿ ಇದೆ. ಮೆದುಳಿಗೆ ರಕ್ತ ಕಮ್ಮಿಯಾದ್ರೆ ಏನಾಗತ್ತೆ ಅಂತ ನೋಡೋ ವಿಜ್ಞಾನಿಗಳು ಬಹಳ ವರ್ಷದಿಂದ ಇದನ್ನ ಬಳಸ್ತಾ ಇದಾರೆ, ಯಾಕಂದ್ರೆ ಇದರ ರಕ್ತನಾಳಗಳ ಜೋಡಣೆನೇ ಬೇರೆ ಥರ. ನಮ್ಮ ಮೆದುಳಿನ ಬುಡದಲ್ಲಿ ರಕ್ತನಾಳಗಳು ಒಂದಕ್ಕೊಂದು ಸೇರ್ಕೊಂಡು ಉಂಗುರದ ಥರ ಇರತ್ವೆ, ಒಂದು ಕಡೆ ಕಟ್ಕೊಂಡ್ರೂ ಇನ್ನೊಂದು ಕಡೆಯಿಂದ ಸ್ವಲ್ಪನಾದ್ರೂ ರಕ್ತ ಬರೋ ದಾರಿ ಇರತ್ತೆ. ಜರ್ಬಿಲ್‌ಗೆ ಆ ಉಂಗುರ ಪೂರ್ತಿ ಇರಲ್ಲ. ಕತ್ತಿನ ಎರಡೂ ಕಡೆಯ ದೊಡ್ಡ ನಾಳಗಳನ್ನ ಕೆಲವೇ ನಿಮಿಷ ಅದುಮಿ ಹಿಡಿದ್ರೆ ಮೆದುಳಿನ ಮುಂಭಾಗಕ್ಕೆ ರಕ್ತ ನಿಂತೇಹೋಗತ್ತೆ. ಬಿಟ್ಟ ಮೇಲೆ ರಕ್ತ ಮತ್ತೆ ಹರಿಯತ್ತೆ, ಪ್ರಾಣಿ ಎದ್ದು ಓಡಾಡತ್ತೆ, ಎಲ್ಲ ಸರಿಹೋಯ್ತು ಅನ್ಸತ್ತೆ, ಆದ್ರೆ ಎರಡು ಮೂರು ದಿನ ಕಳೆದ ಮೇಲೆ ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್ ಅನ್ನೋ ಭಾಗದಲ್ಲಿ ಸಿಎ1 ಅಂತ ಕರೆಯೋ ಪದರದ ನರಕೋಶಗಳು, ಅಂದ್ರೆ ನ್ಯೂರಾನ್‌ಗಳು ಸಾಲುಸಾಲಾಗಿ ಸಾಯೋಕೆ ಶುರುವಾಗತ್ತೆ.

1998ರಲ್ಲಿ ಇದೇ ಪ್ರಯೋಗ ಮಾಡಿದ ಒಂದು ತಂಡ ಸತ್ತ ಕೋಶಗಳನ್ನ ಬಿಟ್ಟು ಪಕ್ಕದ ಜಾಗ ನೋಡಿತು. ಅದೇ ಹಿಪ್ಪೋಕ್ಯಾಂಪಸ್‌ನ ಡೆಂಟೇಟ್ ಗೈರಸ್ ಅನ್ನೋ ಮಡಿಕೆ ಅದು. ಅಲ್ಲಿ ಹೊಸ ಕೋಶಗಳು ಹುಟ್ಟೋದು ಮಾಮೂಲಿಗಿಂತ ಸುಮಾರು 12 ಪಟ್ಟು ಜಾಸ್ತಿ ಆಗಿತ್ತು, ರಕ್ತ ನಿಲ್ಲಿಸಿ ಒಂದರಿಂದ ಎರಡು ವಾರದ ಒಳಗೆ. ಅವುಗಳಲ್ಲಿ ಬಹಳಷ್ಟು ಮುಂದೆ ನ್ಯೂರಾನ್‌ಗಳೇ ಆದವು. ನನಗೆ ಇದರಲ್ಲಿ ಯಾವಾಗ್ಲೂ ಕಾಡೋ ವಿಷಯ ಅಂದ್ರೆ, ಸತ್ತಿದ್ದು ಒಂದು ಕಡೆ, ಹುಟ್ಟಿದ್ದು ಇನ್ನೊಂದು ಕಡೆ. ಏಟು ಬಿದ್ದ ಸುದ್ದಿ ಪಕ್ಕಕ್ಕೆ ತಲುಪಿದೆ, ಅಲ್ಲಿ ಮಲಗಿದ್ದ ಕಾಂಡಕೋಶಗಳು, ಅಂದ್ರೆ ಹೊಸ ಕೋಶಗಳನ್ನ ಹುಟ್ಟಿಸೋ ಮೂಲ ಕೋಶಗಳು, ಎದ್ದು ಕೂತಿವೆ.

ಇದು ಯಾಕೆ ದೊಡ್ಡ ಸುದ್ದಿ ಅಂದ್ರೆ, ಬೆಳೆದ ಮೆದುಳಲ್ಲಿ ಹೊಸ ನ್ಯೂರಾನ್ ಹುಟ್ಟೋದೇ ಇಲ್ಲ ಅಂತ ತುಂಬಾ ಕಾಲ ಎಲ್ರೂ ನಂಬಿದ್ರು. ನರಕೋಶಗಳ ರಚನೆಯನ್ನ ಜಗತ್ತಿಗೆ ತೋರಿಸಿಕೊಟ್ಟ ಸ್ಪೇನ್‌ನ ರಾಮೋನ್ ಇ ಕಹಾಲ್ ಅವರೇ ಹಾಗೆ ಬರೆದಿದ್ರು, ಅವರ ಮಾತು ಅಂದ್ರೆ ಅಷ್ಟು ತೂಕ. 1960ರ ದಶಕದಲ್ಲಿ ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ್ ದಾಸ್ ಇಲಿಗಳ ಮೆದುಳಲ್ಲಿ ಹೊಸ ಕೋಶ ಹುಟ್ಟೋದನ್ನ ತೋರಿಸಿದ್ರೂ ಹೆಚ್ಚಿನವರು ತಲೆ ಕೆಡಿಸ್ಕೊಳ್ಳಲಿಲ್ಲ. ಮನುಷ್ಯರ ವಿಷಯದಲ್ಲಿ ಬಾಗಿಲು ತೆಗೆದಿದ್ದು 1998ರಲ್ಲೇ, ಎರಿಕ್ಸನ್ ಮತ್ತು ಗೇಜ್ ಅವರ ತಂಡದಿಂದ. ಕೆಲವು ಕ್ಯಾನ್ಸರ್ ರೋಗಿಗಳಿಗೆ ಗೆಡ್ಡೆ ಎಷ್ಟು ಬೇಗ ಬೆಳೀತಿದೆ ಅಂತ ನೋಡೋಕೆ ಬಿಆರ್‌ಡಿಯು ಅನ್ನೋ ಗುರುತಿನ ರಾಸಾಯನಿಕ ಕೊಟ್ಟಿದ್ರು, ಅದು ವಿಭಜನೆ ಆಗ್ತಿರೋ ಕೋಶದ ಡಿಎನ್‌ಎ ಒಳಗೆ ಸೇರ್ಕೊಳ್ಳತ್ತೆ. ಅವರಲ್ಲಿ 5 ಜನ ತೀರಿಕೊಂಡ ಮೇಲೆ ಮೆದುಳು ಪರೀಕ್ಷೆ ಮಾಡಿದಾಗ ಡೆಂಟೇಟ್ ಗೈರಸ್‌ನ ನ್ಯೂರಾನ್‌ಗಳಲ್ಲೂ ಆ ಗುರುತು ಸಿಕ್ತು. ಸಾಯೋ ಕಾಯಿಲೆಯಲ್ಲಿ ಇದ್ದ ಆ ಐದು ಜನರಿಂದ ನಮಗೆ ಈ ವಿಷಯ ಗೊತ್ತಾಯ್ತು ಅನ್ನೋದನ್ನ ನಾನು ಮರೆಯೋಕಾಗಲ್ಲ.

ಸರಿ, ಹಾಗಾದ್ರೆ ಸ್ಟ್ರೋಕ್ ಆದ್ರೆ ಮೆದುಳು ತಾನೇ ರಿಪೇರಿ ಮಾಡ್ಕೊಳ್ಳತ್ತಾ? 2002ರಲ್ಲಿ ಸ್ವೀಡನ್‌ನ ಲುಂಡ್‌ನಲ್ಲಿ ಓಲೆ ಲಿಂಡ್‌ವಾಲ್ ಅವರ ತಂಡ ಇಲಿಗಳಲ್ಲಿ ಮೆದುಳಿನ ಒಂದು ಮುಖ್ಯ ರಕ್ತನಾಳ ಮುಚ್ಚಿ, ಆಮೇಲೆ ತೆಗೆದು ನೋಡಿತು. ಮೆದುಳಿನ ಒಳಗೆ ದ್ರವ ತುಂಬಿದ ಕುಹರಗಳಿವೆಯಲ್ಲ, ಅವುಗಳ ಗೋಡೆಗೆ ಅಂಟಿಕೊಂಡಂತೆ ಕಾಂಡಕೋಶಗಳ ಒಂದು ತೆಳು ಪಟ್ಟಿ ಇದೆ. ಇಲಿಯಲ್ಲಿ ಅಲ್ಲಿ ಹುಟ್ಟೋ ಎಳೇ ಕೋಶಗಳು ಮಾಮೂಲಾಗಿ ವಾಸನೆ ಗ್ರಹಿಸೋ ಭಾಗದ ಕಡೆಗೆ ನಡ್ಕೊಂಡು ಹೋಗತ್ವೆ. ಸ್ಟ್ರೋಕ್ ಆದ ಮೇಲೆ ಅವು ದಾರಿ ಬದಲಿಸಿ ಗಾಯದ ಕಡೆಗೆ ತಿರುಗಿದವು. ಗಾಯದ ಸುತ್ತ ಇರೋ ಕೋಶಗಳು ಎಸ್‌ಡಿಎಫ್-1 ಥರದ ಸಂಕೇತದ ಪ್ರೋಟೀನ್ ಬಿಡತ್ವೆ, ಎಳೇ ಕೋಶಗಳು ಅದರ ಜಾಡು ಹಿಡಿದು, ರಕ್ತನಾಳಗಳಿಗೆ ಒತ್ತಿಕೊಂಡೇ ಮುಂದೆ ಸರೀತಾ ಬರತ್ವೆ ಅಂತ ಆಮೇಲಿನ ಕೆಲಸಗಳಿಂದ ಗೊತ್ತಾಯ್ತು. ರಕ್ತ ಕಮ್ಮಿಯಾದ ಜಾಗದಲ್ಲಿ ಹೊಸ ರಕ್ತನಾಳಗಳೂ ಚಿಗುರ್ತಾ ಇರತ್ವೆ, ಅಂದ್ರೆ ರಸ್ತೆನೂ ಬರೋರೂ ಒಟ್ಟಿಗೇ ತಯಾರಾಗ್ತಾ ಇರ್ತಾರೆ, ಎಷ್ಟು ಚೆನ್ನಾಗಿದೆ ಅಲ್ವಾ ಇದು.

ಆದ್ರೆ ಬಂದ ಹೊಸ ನ್ಯೂರಾನ್‌ಗಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಕೆಲವೇ ವಾರಗಳಲ್ಲಿ ಸತ್ತುಹೋದವು. ಕೊನೆಗೆ ಉಳಿದಿದ್ದು ಆ ಭಾಗದಲ್ಲಿ ಸತ್ತ ನ್ಯೂರಾನ್‌ಗಳ ಸುಮಾರು 0.2 ಪರ್ಸೆಂಟ್ ಮಾತ್ರ. ಸಾವಿರ ಸತ್ರೆ ಎರಡು. ಅಲ್ಲಿ ಉರಿಯೂತ ಇರತ್ತೆ, ಕೋಶ ಬದುಕೋಕೆ ಬೇಕಾದ ಪೋಷಕ ಪ್ರೋಟೀನ್‌ಗಳು ಸಾಲಲ್ಲ, ಜೊತೆಗೆ ಕನೆಕ್ಷನ್ ಕೊಡೋ ನೆರೆಹೊರೆಯ ನ್ಯೂರಾನ್‌ಗಳೇ ಇರಲ್ಲ. ಬೇರೆ ನ್ಯೂರಾನ್‌ಗಳ ಜೊತೆ ಸಂಪರ್ಕ ಸಿಗದ ಎಳೇ ನ್ಯೂರಾನ್ ಜಾಸ್ತಿ ದಿನ ಬದುಕಲ್ಲ.

ಮನುಷ್ಯರಲ್ಲಿ ನೋಡೋದು ಇನ್ನೂ ಕಷ್ಟ, ಬದುಕಿರೋರ ಮೆದುಳು ತೆಗೆದು ಕೋಶ ಎಣಿಸೋಕಾಗಲ್ವಲ್ಲ. 2006ರಲ್ಲಿ ಸ್ಟ್ರೋಕ್ ಆದವರ ಮೆದುಳಿನ ಸ್ಯಾಂಪಲ್‌ಗಳಲ್ಲಿ ಎಳೇ ನ್ಯೂರಾನ್‌ಗಳ ಗುರುತಿನ ಪ್ರೋಟೀನ್‌ಗಳು ಸಿಕ್ಕಿದ್ವು, ರಕ್ತನಾಳಗಳ ಹತ್ತಿರವೇ. ಆದ್ರೆ ಎಳೇ ಕೋಶದ ಗುರುತು ಸಿಕ್ತು ಅಂದ ಮಾತ್ರಕ್ಕೆ ಅದು ಬೆಳೆದು ಉಳ್ಕೊಂಡಿದೆ ಅಂತ ಅರ್ಥ ಅಲ್ಲ. ಇದನ್ನ ಬಿಡಿಸೋಕೆ ಸ್ವೀಡನ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೇನ್ ಅವರ ತಂಡ ಬಳಸಿದ ದಾರಿ ನನಗೆ ಇಡೀ ವಿಷಯದಲ್ಲೇ ಅತಿ ಇಷ್ಟ. 1950 ಮತ್ತು 60ರ ದಶಕದಲ್ಲಿ ನೆಲದ ಮೇಲೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಅನ್ನೋ ವಿಕಿರಣ ಸೂಸೋ ಕಾರ್ಬನ್‌ನ ಪ್ರಮಾಣ ಸಿಕ್ಕಾಪಟ್ಟೆ ಏರಿತ್ತು, ಅಂಥ ಪರೀಕ್ಷೆಗಳನ್ನ ನಿಷೇಧಿಸೋ 1963ರ ಒಪ್ಪಂದ ಆದ ಮೇಲೆ ಅದು ವರ್ಷ ವರ್ಷ ಇಳೀತಾ ಬಂತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಊಟಕ್ಕೆ, ಊಟದಿಂದ ನಮ್ಮ ಮೈಗೆ ಅದು ಬರತ್ತೆ. ಕೋಶ ಹುಟ್ಟೋವಾಗ ಅದರ ಡಿಎನ್‌ಎಯಲ್ಲಿ ಆ ವರ್ಷದ ಪ್ರಮಾಣ ಕೂತ್ಕೊಳ್ಳತ್ತೆ, ಆ ಕೋಶ ಮತ್ತೆ ವಿಭಜನೆ ಆಗದೇ ಇದ್ರೆ ಅದು ಹಾಗೇ ಇರತ್ತೆ. ಹಾಗಾಗಿ ಒಂದು ನ್ಯೂರಾನ್ ಯಾವ ಕಾಲದಲ್ಲಿ ಹುಟ್ಟಿದ್ದು ಅಂತ ಲೆಕ್ಕ ಹಾಕಬಹುದು.

2014ರಲ್ಲಿ ಈ ಲೆಕ್ಕವನ್ನ ಸ್ಟ್ರೋಕ್ ಆಗಿ ಆಮೇಲೆ ತೀರಿಕೊಂಡವರ ಮೆದುಳಿನ ಹೊರಪದರಕ್ಕೆ ಹಾಕಿದ್ರು. ಅಲ್ಲಿನ ನ್ಯೂರಾನ್‌ಗಳ ವಯಸ್ಸು ಆ ಮನುಷ್ಯನ ವಯಸ್ಸಿನಷ್ಟೇ ಇತ್ತು. ಸ್ಟ್ರೋಕ್ ಆದ ಮೇಲೆ ಹುಟ್ಟಿ ಉಳ್ಕೊಂಡ ನ್ಯೂರಾನ್‌ಗಳು ಹೇಳಿಕೊಳ್ಳೋ ಅಷ್ಟು ಇರಲಿಲ್ಲ. ಹಿಪ್ಪೋಕ್ಯಾಂಪಸ್ ಕಥೆ ಬೇರೆ. ಇದೇ ತಂಡ 2013ರಲ್ಲಿ ಪ್ರತಿ ಕಡೆಯ ಹಿಪ್ಪೋಕ್ಯಾಂಪಸ್‌ನಲ್ಲಿ ದಿನಕ್ಕೆ ಸುಮಾರು 700 ಹೊಸ ನ್ಯೂರಾನ್ ಸೇರತ್ತೆ ಅಂತ ಅಂದಾಜು ಮಾಡಿತ್ತು. 2018ರಲ್ಲಿ ಒಂದು ತಂಡ ದೊಡ್ಡವರಲ್ಲಿ ಏನೂ ಕಾಣಲ್ಲ ಅಂತು, ಅದೇ ವರ್ಷ ಇನ್ನೊಂದು ತಂಡ 79 ವರ್ಷದವರಲ್ಲೂ ಇದೆ ಅಂತು, ಜಗಳ ಜೋರಾಯ್ತು. 2025ರಲ್ಲಿ ಫ್ರಿಸೇನ್ ತಂಡ ದೊಡ್ಡವರ ಹಿಪ್ಪೋಕ್ಯಾಂಪಸ್‌ನಲ್ಲಿ ವಿಭಜನೆ ಆಗ್ತಿರೋ ಮೂಲ ಕೋಶಗಳನ್ನೇ ಗುರುತಿಸಿತು, ಆದ್ರೆ ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸ ಇತ್ತು.

ಇನ್ನೊಂದು ವಿಷಯ ಹೇಳಲೇಬೇಕು, ಯಾಕಂದ್ರೆ ಮೆದುಳಿನ ಕೋಶ ಬೆಳೆಸ್ತೀವಿ ಅಂತ ಮಾತ್ರೆ ಪುಡಿ ಮಾರೋರು ಇದನ್ನ ಹೇಳಲ್ಲ. ಹೊಸ ಕೋಶ ಜಾಸ್ತಿ ಆದಷ್ಟೂ ಒಳ್ಳೇದು ಅಂತ ಏನೂ ಇಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ಟ್ರೋಕ್ ಆದ ಮೇಲೆ ಹಿಪ್ಪೋಕ್ಯಾಂಪಸ್‌ನಲ್ಲಿ ಹುಟ್ಟಿದ ನ್ಯೂರಾನ್‌ಗಳು ಅಡ್ಡಾದಿಡ್ಡಿ ಆಕಾರದಲ್ಲಿ ಬೆಳೆದಿದ್ವು, ಅವು ಹುಟ್ಟೋದನ್ನ ತಡೆದಾಗ ಇಲಿಗಳ ನೆನಪಿನ ತೊಂದರೆ ಕಮ್ಮಿಯಾಯ್ತು. ಸರಿಯಾದ ಜಾಗಕ್ಕೆ ಹೋಗಿ ಸರಿಯಾದ ಕನೆಕ್ಷನ್ ಮಾಡ್ಕೊಂಡ್ರೆ ಮಾತ್ರ ಉಪಯೋಗ.

ಹಾಗಾದ್ರೆ ಲಕ್ವ ಹೊಡೆದವರು ತಿಂಗಳುಗಳ ಮೇಲೆ ಮತ್ತೆ ನಡೀತಾರಲ್ಲ, ಮಾತಾಡ್ತಾರಲ್ಲ, ಅದು ಎಲ್ಲಿಂದ ಬಂತು? ಬಹುಪಾಲು ಉಳಿದ ಹಳೇ ನ್ಯೂರಾನ್‌ಗಳಿಂದ. ಗಾಯದ ಅಂಚಲ್ಲಿ ಅರೆಜೀವದಲ್ಲಿ ನಿಂತಿದ್ದ ಕೋಶಗಳು ರಕ್ತ ಸಿಕ್ಕಿದ್ರೆ ಮತ್ತೆ ಕೆಲಸಕ್ಕೆ ಬರತ್ವೆ, ಊತ ಇಳಿಯತ್ತೆ, ಉಳಿದವು ಹೊಸ ಕವಲು ಚಾಚಿ ಹೊಸ ಸಂಪರ್ಕ ಮಾಡ್ಕೊಳ್ಳತ್ವೆ, ಫಿಸಿಯೋಥೆರಪಿಯಲ್ಲಿ ಒಂದೇ ಚಲನೆಯನ್ನ ನೂರಾರು ಸಲ ಮಾಡಿಸೋದು ಅದಕ್ಕೇ. ದೊಡ್ಡ ರಕ್ತನಾಳ ಮುಚ್ಚಿಹೋದ ಸ್ಟ್ರೋಕ್‌ನಲ್ಲಿ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನ್ಯೂರಾನ್ ಸಾಯತ್ತೆ ಅಂತ ಅಂದಾಜಿದೆ. ಆ ಸಂಖ್ಯೆಯನ್ನ ಸಾವಿರಕ್ಕೆ ಎರಡು ಅನ್ನೋದರ ಪಕ್ಕ ಇಟ್ಟು ನೋಡಿ. ಹೆಪ್ಪು ಕರಗಿಸೋ ಇಂಜೆಕ್ಷನ್ ಮಾಮೂಲಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು, ಅದಕ್ಕೇ ಎಮರ್ಜೆನ್ಸಿಯಲ್ಲಿ ಡಾಕ್ಟರ್ ಮೊದಲು ಕೇಳೋದು, ಇವರು ಕೊನೇ ಸಲ ಸರಿಯಾಗಿದ್ದಿದ್ದನ್ನ ನೀವು ನೋಡಿದ್ದು ಎಷ್ಟು ಗಂಟೆಗೆ ಅಂತ.